ಕ್ಲೂಸ್ಕಾಗೆ ನೀರು ಹಾಕಬೇಡಿ

"ನನಗೆ ಹಾಕು! ಎರಡು ಬಕೆಟ್ ಬೇಕಾದ್ರೂ ಹಾಕು! ಕ್ಲೂಸ್ಕಾಗೆ ಮಾತ್ರ ಬೇಡ!"

ಯಾಗೋದಾ ಅಡುಗೆಮನೆ ಬಾಗಿಲಿಗೆ ಅಡ್ಡಲಾಗಿ ಕೈ ಚಾಚಿ ನಿಂತಿದ್ದಳು. ಜಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಪೈಜಾಮ ಕಾಲಿಗೆ ಅಂಟಿಕೊಂಡಿತ್ತು. ಅವಳ ಕಾಲುಗಳ ಸಂದಿಯಿಂದ ಮೂತಿ ತೂರಿಸಿ ಕ್ಲೂಸ್ಕಾ ಈ ತಮಾಷೆ ನೋಡುತ್ತಿದ್ದಳು. ಕ್ಲೂಸ್ಕಾ ಎಂದರೆ ಅವರ ಪೋಲಿಷ್ ಭಾಷೆಯಲ್ಲಿ ಕಡುಬು. ಆ ನಾಯಿಯ ಹೊಟ್ಟೆ ನೋಡಿದರೆ ಹೆಸರಿಟ್ಟವರನ್ನು ತಪ್ಪು ಎನ್ನುವಂತಿರಲಿಲ್ಲ.

ಅಂಗಳದಲ್ಲಿ ವಿತೆಕ್ ಬಕೆಟ್ ಎತ್ತಿ ಹಿಡಿದಿದ್ದ. ಅವನು ಯಾಗೋದಾಳ ಸೋದರಮಾವನ ಮಗ. ಹಬ್ಬಕ್ಕೆಂದು ಲುಬ್ಲಿನ್ ಪೇಟೆಯಿಂದ ಬಂದಿದ್ದ. ಅವಳಿಗಿಂತ ಒಂದೇ ವರ್ಷ ದೊಡ್ಡವನಾದರೂ ಊರಿಗೇ ಹಿರಿಯನ ಹಾಗೆ ಆಡುತ್ತಿದ್ದ.

"ಯಾಕೆ, ನಿನ್ನ ನಾಯಿ ಏನು ಮಹಾರಾಣಿನಾ? ಇವತ್ತು ಒದ್ದೆ ಸೋಮವಾರ ಕಣೇ! ಪಾದ್ರಿಗಳನ್ನೂ ಬಿಡಲ್ಲ, ನಾಯೀನ ಬಿಡ್ತೀವಾ?"

ಅವನು ಹೇಳಿದ್ದು ನಿಜವೇ. ಈಸ್ಟರ್ ಮರುದಿನದ ಸೋಮವಾರ ಪೋಲೆಂಡಿನ ಹಳ್ಳಿಗಳಲ್ಲಿ ಒಣ ಬಟ್ಟೆಯವರು ಸಿಗುವುದೇ ಕಷ್ಟ. ಕೈಗೆ ಚೆಂಬು ಸಿಕ್ಕಿದರೆ ಚೆಂಬು, ಬಕೆಟ್ ಸಿಕ್ಕಿದರೆ ಬಕೆಟ್. ಅವತ್ತು ನೀರು ಬಿದ್ದವರಿಗೆ ವರ್ಷವೆಲ್ಲ ಆರೋಗ್ಯ ಎಂದು ಅಜ್ಜಿ ಹೇಳುತ್ತಿದ್ದಳು. ಮಧ್ಯಾಹ್ನವಾದರೂ ಯಾರೂ ನೀರೆರಚದಿದ್ದರೆ ಹುಡುಗಿಯರಿಗೆ ಅದೊಂದು ಅವಮಾನ.

"ನಿನ್ನೆ ಬೆಳಿಗ್ಗೆ ಅವಳಿಗೆ ಉಣ್ಣಿ ಔಷಧಿ ಹಾಕಿದ್ದೀನಿ ಕಣೋ," ಎಂದಳು ಯಾಗೋದಾ. "ಕತ್ತಿನ ಹಿಂದೆ, ಕೂದಲು ಬಿಡಿಸಿ. ಎರಡು ದಿನ ಒದ್ದೆ ಆಗಬಾರದು. ಒದ್ದೆ ಆದ್ರೆ ಔಷಧಿ ತೊಳೆದುಹೋಗತ್ತೆ."

ವಿತೆಕ್ ಬಕೆಟ್ ಇಳಿಸಿದ. "ಒದ್ದೆ ಸೋಮವಾರದ ಹಿಂದಿನ ದಿನ ಯಾರಾದ್ರೂ ಆ ಔಷಧಿ ಹಾಕ್ತಾರಾ? ತಲೆ ಎಲ್ಲಿಟ್ಟಿದ್ದೆ?"

ಔಷಧಿಯ ಜೊತೆಗಿದ್ದ ಚೀಟಿಯನ್ನು ಯಾಗೋದಾ ಎರಡೆರಡು ಸಲ ಓದಿದ್ದಳು. ನಾಯಿಯ ತೂಕ ನೋಡಿದ್ದಳು. ಹಾಕಿದ ಮೇಲೆ ಕೈ ಸೋಪಿನಲ್ಲಿ ತೊಳೆದಿದ್ದಳು. ಎಲ್ಲ ಮಾಡಿದವಳು ಕ್ಯಾಲೆಂಡರ್ ಒಂದನ್ನು ನೋಡಿರಲಿಲ್ಲ.

ಇಷ್ಟು ಹೆದರಲು ಕಾರಣವಿತ್ತು. ಹೋದ ವರ್ಷ ಇದೇ ದಿನಗಳಲ್ಲಿ ಕ್ಲೂಸ್ಕಾಗೆ ಉಣ್ಣಿ ಕಚ್ಚಿ ಜ್ವರ ಬಂದಿತ್ತು. ಸಾಸೇಜ್ ತೋರಿಸಿದರೂ ಮೂಗು ಎತ್ತಲಿಲ್ಲ. ಮೂತ್ರ ಬೀಟ್‌ರೂಟ್ ಸಾರಿನ ಬಣ್ಣಕ್ಕೆ ತಿರುಗಿತ್ತು. ಡಾಕ್ಟರ್ ಇಂಜೆಕ್ಷನ್ ಕೊಟ್ಟು, ಡ್ರಿಪ್ ಹಾಕಿ, "ಇನ್ನೊಂದು ದಿನ ತಡ ಮಾಡಿದ್ರೆ ಕಷ್ಟ ಇತ್ತು" ಎಂದಿದ್ದರು. ಕ್ಲೂಸ್ಕಾ ಎದ್ದು ಓಡಾಡುವವರೆಗೆ ಯಾಗೋದಾ ಅವಳ ಚಾಪೆಯ ಪಕ್ಕದಲ್ಲೇ ಮಲಗುತ್ತಿದ್ದಳು. ಆಮೇಲೆ ಅಮ್ಮ, "ಇನ್ಮೇಲೆ ಉಣ್ಣಿ ಕೆಲಸ ನಿನ್ನದು. ನನಗೆ ನಿನ್ನ ಮೇಲೆ ನಂಬಿಕೆ ಇದೆ" ಎಂದಿದ್ದಳು.

ಅಮ್ಮ ಇನ್ನೂ ಒಂದು ಮಾತು ಹೇಳಿದ್ದಳು. ಅದು ಅಜ್ಜಿಯ ವಿಷಯ. ಆ ಮಾತನ್ನು ಯಾಗೋದಾ ಯಾರಿಗೂ ಹೇಳಿರಲಿಲ್ಲ.

"ಸರಿ ಬಿಡು, ನಾನು ಹಾಕಲ್ಲ," ಎಂದ ವಿತೆಕ್. "ಆದ್ರೆ ಬೀದೀಲಿರೋರ ಜವಾಬ್ದಾರಿ ನಂದಲ್ಲ."

ಹಬ್ಬವಿರಲಿ ಬಿಡಲಿ, ನಾಯಿ ಹೊತ್ತಿಗೆ ಸರಿಯಾಗಿ ಹೊರಗೆ ಹೋಗಲೇಬೇಕು. ಕ್ಲೂಸ್ಕಾ ಬಾಗಿಲು ಕೆರೆಯತೊಡಗಿದಾಗ ಯಾಗೋದಾ ತನ್ನ ಹಳೆಯ ಹಳದಿ ರೇನ್‌ಕೋಟ್ ತಂದು ಅವಳಿಗೆ ತೊಡಿಸಿದಳು. ಮುಂಗಾಲು ತೋಳಿನಲ್ಲಿ ತೂರಿಸಿ, ಹೊಟ್ಟೆಯ ಕೆಳಗೆ ಗುಂಡಿ ಹಾಕಿ, ಟೋಪಿಯನ್ನು ಕಿವಿಯವರೆಗೆ ಎಳೆದಳು. ಕ್ಲೂಸ್ಕಾ ಅಂಚೆ ಹಂಚಲು ಹೊರಟವಳ ಹಾಗೆ ಕಾಣುತ್ತಿದ್ದಳು.

ಬೀದಿಯಲ್ಲಿ ನಗುವೋ ನಗು.

"ಏ ಯಾಗೋದಾ, ನಾಯಿಗೆ ಕೋಟು, ನಿನಗೆ ಸ್ನಾನವಾ?"

"ಹೂಂ! ನನಗೇ ಹಾಕ್ರೋ, ಬನ್ನಿ!" ಎಂದು ಅವಳು ಎದೆಯುಬ್ಬಿಸಿ ಮುಂದೆ ನಡೆದಳು. ಮೂರು ಮನೆ ದಾಟುವಷ್ಟರಲ್ಲಿ ಅವಳ ಬೂಟಿನೊಳಗೆ ಕೆರೆಯಾಗಿತ್ತು. ಕ್ಲೂಸ್ಕಾ ಮಾತ್ರ ಒಂದಿಷ್ಟೂ ಒದ್ದೆಯಾಗಿರಲಿಲ್ಲ. ಯಾಗೋದಾಗೆ ಗೆದ್ದಷ್ಟೇ ಖುಷಿಯಾಯಿತು.

ಆಗ ಚರ್ಚಿನ ತಿರುವಿನಲ್ಲಿ ಗಂಟೆ ಬಾರಿಸುತ್ತಾ ಕೆಂಪು ಲಾರಿ ಬಂತು. ಊರಿನ ಬೆಂಕಿ ಆರಿಸುವ ಪಡೆ! ಅವರೂ ಊರಿನವರೇ. ಪ್ರತಿವರ್ಷ ಈ ದಿನ ಪೈಪ್ ಬಿಚ್ಚಿ ಇಡೀ ಬೀದಿಗೆ ಮಳೆ ಸುರಿಸದಿದ್ದರೆ ಅವರಿಗೆ ಸಮಾಧಾನವಿಲ್ಲ.

"ಬೇಡ! ಇಲ್ಲಿ ನಾಯಿ ಇದೆ!" ಎಂದು ಯಾಗೋದಾ ಕೂಗಿದಳು.

ಪೈಪ್ ಹಿಡಿದವರು ಅವಳ ಮಾತು ಕೇಳಿ ಪೈಪನ್ನು ಪಕ್ಕಕ್ಕೆ ತಿರುಗಿಸಿದರು ಕೂಡ. ಆದರೆ ಕ್ಲೂಸ್ಕಾಗೆ ಯಾರು ಬುದ್ಧಿ ಹೇಳುವುದು? ಆಕಾಶಕ್ಕೆ ಹಾರುವ ನೀರು ಕಂಡದ್ದೇ ತಡ, ಯಾಗೋದಾಳ ಕೈಯಿಂದ ಹಗ್ಗ ಕಿತ್ತುಕೊಂಡು, ರೇನ್‌ಕೋಟ್ ಕಳಚಿಕೊಂಡು, ನೇರವಾಗಿ ಅದರ ನಡುವೆ ನುಗ್ಗಿದಳು. ನೀರನ್ನು ಕಚ್ಚಿದಳು. ನೀರಿಗೆ ಬೊಗಳಿದಳು. ಬಾಲದ ತುದಿಯವರೆಗೆ ತೊಯ್ದು ತೊಪ್ಪೆಯಾದಳು. ಆಮೇಲೆ ಮೈ ಒರೆಸಿಕೊಳ್ಳಲು ಹಳ್ಳದ ಪಕ್ಕದ ಹುಲ್ಲಿನಲ್ಲಿ ಬಿದ್ದು ಹೊರಳಾಡಿದಳು. ಉಣ್ಣಿಗಳು ಕಾದು ಕೂರುವುದೇ ಅಂಥ ಹುಲ್ಲಿನ ತುದಿಯಲ್ಲಿ.

ಯಾಗೋದಾ ಖಾಲಿ ರೇನ್‌ಕೋಟ್ ಹಿಡಿದುಕೊಂಡು ನಿಂತಳು. ಅಳು ಬಂತು. ಮುಖ ಮೊದಲೇ ಒದ್ದೆಯಾಗಿದ್ದರಿಂದ ಯಾರಿಗೂ ತಿಳಿಯಲಿಲ್ಲ.

ಮನೆಯಲ್ಲಿ ಅಮ್ಮ ಬೈಯಲಿಲ್ಲ. "ಇವತ್ತು ಆಸ್ಪತ್ರೆ ರಜಾ. ನಾಳೆ ಡಾಕ್ಟರ್‌ನ ಕೇಳೋಣ. ನಾವೇ ಅಂದಾಜಿನ ಮೇಲೆ ಇನ್ನೊಂದ್ಸಲ ಔಷಧಿ ಹಾಕೋ ಹಾಗಿಲ್ಲ," ಎಂದಳು. "ಅಲ್ಲೀವರೆಗೆ ಏನ್ ಮಾಡ್ತೀಯ?"

ಯಾಗೋದಾ ಮೂಗೊರೆಸಿಕೊಂಡಳು. "ಕೈಯಲ್ಲಿ ಹುಡುಕ್ತೀನಿ."

ಕ್ಲೂಸ್ಕಾಳ ಮೈ ಒರೆಸಿ, ಒಲೆಯ ಪಕ್ಕ ಮಲಗಿಸಿ ಕೆಲಸ ಶುರು ಮಾಡಿದಳು. ಕಣ್ಣಿನಿಂದಲ್ಲ, ಬೆರಳಿನಿಂದ ನೋಡಬೇಕು ಎಂದು ಡಾಕ್ಟರ್ ಹೇಳಿಕೊಟ್ಟಿದ್ದರು. ಕಿವಿಯ ಒಳಗೆ, ಕಿವಿಯ ಹಿಂದೆ. ಕೊರಳಪಟ್ಟಿಯ ಕೆಳಗೆ. ಕಾಲ್ಬೆರಳುಗಳ ಸಂದಿಯಲ್ಲಿ. ವಿತೆಕ್ ಕೇಕ್ ತಿನ್ನುತ್ತಾ ನೋಡುತ್ತಿದ್ದ.

"ಹೇನು ನೋಡ್ತಿದ್ದೀಯಾ?" ಎಂದು ರೇಗಿಸಿದ.

"ಬಾಯಿ ಮುಚ್ಚಿ ಆ ಕಾಲು ಹಿಡ್ಕೋ."

ಅವನು ಬಂದು ಹಿಡಿದುಕೊಂಡ. ಎಡ ಕಂಕುಳಿನಲ್ಲಿ ಯಾಗೋದಾಳ ಬೆರಳು ನಿಂತಿತು. ಎಳ್ಳುಕಾಳಿನಷ್ಟು ಸಣ್ಣದು. ಕೂದಲು ಬಿಡಿಸಿದರೆ, ತಲೆಯನ್ನು ಚರ್ಮದೊಳಗೆ ನೆಟ್ಟ ಉಣ್ಣಿ!

"ಉಗುರಲ್ಲಿ ಕಿತ್ತುಬಿಡು!" ಎಂದ ವಿತೆಕ್.

"ಯಾರೂ ಮುಟ್ಟಬೇಡಿ!" ಊಟದ ಮೇಜಿನಿಂದ ಅಜ್ಜಿ ಎದ್ದಳು. "ಕಿತ್ತರೆ ತಲೆ ಒಳಗೇ ಉಳಿಯತ್ತೆ. ಅದಕ್ಕೆ ಬೆಣ್ಣೆ ಹಚ್ಚಬೇಕು. ಉಸಿರು ಕಟ್ಟಿ ತಾನೇ ಬಿಡತ್ತೆ. ಅದೂ ಎಂಥ ಬೆಣ್ಣೆ!"

ಮೇಜಿನ ನಡುವೆ ಅಜ್ಜಿಯ ಬೆಣ್ಣೆ ಕುರಿಮರಿ ಕೂತಿತ್ತು. ಪ್ರತಿ ಈಸ್ಟರ್‌ಗೂ ಅದನ್ನು ಅವಳೇ ಮಾಡುವುದು. ಮೈತುಂಬ ಬೆಣ್ಣೆಯ ಗುಂಗುರು, ಕಣ್ಣಿಗೆ ಎರಡು ಮೆಣಸುಕಾಳು. ಶನಿವಾರ ಬುಟ್ಟಿಯಲ್ಲಿಟ್ಟು ಚರ್ಚಿಗೆ ಒಯ್ದಿದ್ದಳು. ಪಾದ್ರಿಗಳು ಪವಿತ್ರ ನೀರು ಚಿಮುಕಿಸಿದ್ದರು. ಎರಡು ದಿನದ ಊಟದಲ್ಲಿ ಕುರಿಮರಿಯ ಹಿಂಭಾಗ ಕರಗಿತ್ತು. ತಲೆ ಮಾತ್ರ ಗಂಭೀರವಾಗಿ ನೋಡುತ್ತಿತ್ತು.

ಅಜ್ಜಿ ಚಾಕುವಿನಿಂದ ಅದರ ಒಂದು ಕಿವಿ ಕತ್ತರಿಸಿದಳು. "ಆಶೀರ್ವಾದ ಆದ ಬೆಣ್ಣೆ! ಇದಕ್ಕಿಂತ ದೊಡ್ಡ ಔಷಧಿ ಯಾವುದಿದೆ?"

ಯಾಗೋದಾ ಅಮ್ಮನನ್ನು ನೋಡಿದಳು. ಅಮ್ಮ ಸಣ್ಣಗೆ ತಲೆ ಅಲ್ಲಾಡಿಸಿದಳು, ಹೇಳಬೇಡ ಎನ್ನುವಂತೆ.

ಆ ಹೇಳಬಾರದ ಮಾತು ಇದೇ. ಹೋದ ವರ್ಷವೂ ಅಜ್ಜಿ ಉಣ್ಣಿಗೆ ಬೆಣ್ಣೆಯನ್ನೇ ಹಚ್ಚಿದ್ದಳು. ಜ್ವರ ಬಂದಾಗ ಡಾಕ್ಟರ್ ಅದನ್ನು ಕೇಳಿ, "ಅಯ್ಯೋ, ಬೆಣ್ಣೆ ಹಚ್ಚಬಾರದಿತ್ತು" ಎಂದಿದ್ದರು. ಮನೆಗೆ ಬರುವಾಗ ಕಾರಿನಲ್ಲಿ ಅಮ್ಮ, "ಅಜ್ಜಿಗೆ ಹೇಳ್ಬೇಡ ಪುಟ್ಟಿ. ಕೊರಗಿಬಿಡ್ತಾಳೆ" ಎಂದಿದ್ದಳು.

ಆದರೆ ಈಗ ಸುಮ್ಮನಿದ್ದರೆ ಬೆಣ್ಣೆ ಹತ್ತುತ್ತದೆ. ಬಾಯಿ ಬಿಟ್ಟರೆ ಅಜ್ಜಿಗೆ ನೋವಾಗುತ್ತದೆ. ಚಾಕು ಹತ್ತಿರ ಬಂತು. ಕ್ಲೂಸ್ಕಾ ಏನೂ ಅರಿಯದೆ ಬಾಲ ಬಡಿಯುತ್ತಿದ್ದಳು.

ಯಾಗೋದಾ ಉಣ್ಣಿಯ ಮೇಲೆ ಅಂಗೈ ಮುಚ್ಚಿದಳು.

"ಬೇಡ ಅಜ್ಜಿ."

"ಯಾಕೆ?"

"ಉಸಿರು ಕಟ್ಟಿದ್ರೆ ಉಣ್ಣಿ ಹೊಟ್ಟೇಲಿರೋದನ್ನೆಲ್ಲ ಕಕ್ಕತ್ತೆ. ಕ್ಲೂಸ್ಕಾ ಮೈಯೊಳಗೇ ಕಕ್ಕತ್ತೆ. ರೋಗಾನೂ ಜೊತೆಗೇ ಹೋಗತ್ತೆ."

"ಯಾರು ಹೇಳಿದ್ದು?"

"ಡಾಕ್ಟರ್."

"ಯಾವಾಗ?"

ಸುಳ್ಳು ಹೇಳಲು ಯಾಗೋದಾಗೆ ಬರುತ್ತಿರಲಿಲ್ಲ. "ಹೋದ ವರ್ಷ," ಎಂದಳು.

ಅಜ್ಜಿಯ ಚಾಕು ಇದ್ದಲ್ಲೇ ನಿಂತಿತು. ಕೇಕ್ ತುಂಬಿದ್ದ ವಿತೆಕ್‌ನ ಬಾಯಿ ಕೂಡ ಅಲ್ಲಾಡಲಿಲ್ಲ.

"ಈಗ ಇದನ್ನು ತೆಗೀಬೇಕು ಅಜ್ಜಿ. ಟಾರ್ಚ್ ಹಿಡೀತೀಯಾ?" ಎಂದು ಯಾಗೋದಾ ಮೆತ್ತಗೆ ಕೇಳಿದಳು.

ಅಜ್ಜಿ ಟಾರ್ಚ್ ಹಿಡಿದಳು. ಯಾಗೋದಾ ತುದಿ ಚೂಪಾದ ಪುಟ್ಟ ಚಿಮಟ ತೆಗೆದುಕೊಂಡಳು. ಹೊಟ್ಟೆಯನ್ನು ಹಿಚುಕಬಾರದು, ಚರ್ಮಕ್ಕೆ ಹತ್ತಿರ, ತಲೆಯ ಬಳಿಯೇ ಹಿಡಿಯಬೇಕು. ಹಿಡಿದಳು. ಜಗ್ಗದೆ, ತಿರುಚದೆ, ನೇರವಾಗಿ ಮೇಲಕ್ಕೆ, ನಿಧಾನವಾಗಿ ಎಳೆದಳು. ಚರ್ಮ ಒಂದಿಷ್ಟು ಎದ್ದು ಬಂತು, ಆಮೇಲೆ ಪಟ್ಟೆಂದು ಬಿಟ್ಟಿತು.

ಚಿಮಟದ ತುದಿಯಲ್ಲಿ ಉಣ್ಣಿ ಕಾಲಾಡಿಸುತ್ತಿತ್ತು. ತಲೆಯೂ ಇತ್ತು.

"ಪೂರ್ತಿ ಬಂತು!" ಎಂದು ವಿತೆಕ್ ಕುಣಿದ. "ಏ, ನೀನೇ ಡಾಕ್ಟರ್ ಕಣೇ!"

ಅಮ್ಮ ಔಷಧಿ ಡಬ್ಬಿಯ ಸ್ಪಿರಿಟ್ ತಂದಳು. ಉಣ್ಣಿಯನ್ನು ಅದರಲ್ಲಿ ಮುಳುಗಿಸಿ, ಗಾಯವನ್ನು ಒರೆಸಿದರು. ಅಜ್ಜಿ ಇನ್ನೂ ಒಂದು ಕೈಯಲ್ಲಿ ಬೆಣ್ಣೆಯ ಚಾಕು ಹಿಡಿದೇ ಇದ್ದಳು.

"ಇದನ್ನೇನು ಮಾಡ್ಲಿ?" ಎಂದಳು. "ಆಶೀರ್ವಾದ ಆದದ್ದು. ಬಿಸಾಡೋ ಹಾಗಿಲ್ಲ."

ಆ ಪ್ರಶ್ನೆಗೆ ಉತ್ತರ ಕೊಟ್ಟದ್ದು ಕ್ಲೂಸ್ಕಾ. ನಾಲಿಗೆ ಚಾಚಿ ಒಂದೇ ಸಲಕ್ಕೆ ಕುರಿಮರಿಯ ಕಿವಿಯನ್ನು ನುಂಗಿಬಿಟ್ಟಳು. ಎಲ್ಲರೂ ನಕ್ಕರು. ಅಜ್ಜಿ ಮಾತ್ರ ನಗಲಿಲ್ಲ. ಬೇಗನೆ ಎದ್ದು ತನ್ನ ಕೋಣೆಗೆ ಹೋದಳು. ಯಾಗೋದಾಗೆ ಅವತ್ತು ಗಸಗಸೆ ಕೇಕ್ ಸೇರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಎದ್ದಾಗ ಕ್ಲೂಸ್ಕಾ ಚಾಪೆಯ ಮೇಲೆ ಇರಲಿಲ್ಲ. ಅಂಗಳದ ಮೆಟ್ಟಿಲ ಮೇಲೆ ಅಜ್ಜಿಯ ತೊಡೆಗೆ ತಲೆಯಿಟ್ಟು ಮಲಗಿದ್ದಳು. ಅಜ್ಜಿ ಕನ್ನಡಕ ಹಾಕಿಕೊಂಡಿದ್ದಳು. ಆದರೆ ಅವಳು ಕನ್ನಡಕದಿಂದ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ, ಕೂದಲಿನೊಳಗೆ ಬೆರಳಾಡಿಸುತ್ತಿದ್ದಳು. ವರ್ಷಗಟ್ಟಲೆ ಗಸಗಸೆಯಲ್ಲಿ ಕಲ್ಲು ಆರಿಸಿದ ಬೆರಳುಗಳವು.

"ಇಲ್ಲಿ ಮುಟ್ಟಿ ನೋಡು," ಎಂದಳು, ತಿರುಗದೆಯೇ.

ಕೊರಳಪಟ್ಟಿಯ ಕೆಳಗೆ, ಯಾಗೋದಾ ನಿನ್ನೆ ಹುಡುಕಿದ್ದ ಜಾಗದಲ್ಲೇ, ಇನ್ನೊಂದು ಪುಟ್ಟ ಉಣ್ಣಿ ಇತ್ತು.

"ಅಯ್ಯೋ, ನಾನು ನೋಡಿದ್ದೆ! ನನಗೆ ಸಿಗಲೇ ಇಲ್ಲ!"

"ಸಿಗದೇ ಇರಬಹುದು. ಚಿಮಟ ತಾ."

ಈ ಸಲ ಟಾರ್ಚ್ ಹಿಡಿದದ್ದು ಯಾಗೋದಾ, ಎಳೆದದ್ದು ಅಜ್ಜಿ. ಚರ್ಮಕ್ಕೆ ಹತ್ತಿರ ಹಿಡಿದು, ನೇರವಾಗಿ, ನಿಧಾನವಾಗಿ. ನಿನ್ನೆ ಅವಳು ಎಲ್ಲವನ್ನೂ ಗಮನಿಸಿದ್ದಳು.

ಉಣ್ಣಿ ಬಂತು. ಅಜ್ಜಿ ಅದನ್ನು ಸ್ಪಿರಿಟ್‌ಗೆ ಹಾಕಿ ಮುಚ್ಚಳ ತಿರುಗಿಸಿದಳು. ಆಮೇಲೆ ಮುಚ್ಚಳವನ್ನೇ ನೋಡುತ್ತಾ ಕೇಳಿದಳು, "ಹೋದ ವರ್ಷ ಅವಳಿಗೆ ಜ್ವರ ಬಂದದ್ದು ನನ್ನ ಬೆಣ್ಣೆಯಿಂದಲಾ?"

ಯಾಗೋದಾ ಪಕ್ಕದಲ್ಲಿ ಕೂತಳು. ಮೆಟ್ಟಿಲು ತಣ್ಣಗಿತ್ತು.

"ಗೊತ್ತಿಲ್ಲ ಅಜ್ಜಿ. ಅದರಿಂದಲೇ ಅಂತ ಹೇಳೋಕೆ ಆಗಲ್ಲ ಅಂತ ಡಾಕ್ಟರೂ ಹೇಳಿದ್ರು." ಅವಳು ಸ್ವಲ್ಪ ಯೋಚಿಸಿದಳು. ಇನ್ನೊಂದು ನಿಜವೂ ಇತ್ತು. "ಅವಳು ಏನೂ ಮುಟ್ಟದೇ ಇದ್ದಾಗ ಬಾಯಿ ಬಿಡಿಸಿ ಚಮಚದಲ್ಲಿ ಸಾರು ಕುಡಿಸಿದ್ದು ಮಾತ್ರ ನೀನೇ. ಅದು ನನಗೆ ಗೊತ್ತು."

ಅಜ್ಜಿ ಕನ್ನಡಕ ತೆಗೆದು ಏಪ್ರನ್‌ನ ತುದಿಯಿಂದ ಒರೆಸಿದಳು, ಬಹಳ ಹೊತ್ತು ಒರೆಸಿದಳು. ಆಮೇಲೆ, "ಡಾಕ್ಟರ್ ಹತ್ರ ಹೋಗೋಕೆ ಇನ್ನೂ ಹೊತ್ತಿದೆ," ಎಂದಳು. "ನಾನು ಕಿವಿಯಿಂದ ಬರ್ತೀನಿ. ನೀನು ಬಾಲದಿಂದ ಬಾ."

ಯಾಗೋದಾ ಬಾಲದಿಂದ ಶುರು ಮಾಡಿದಳು. ನಿನ್ನೆಯ ಹಾಗೆ ಅವಸರ ಮಾಡಲಿಲ್ಲ. ಒಳಗೆ ವಿತೆಕ್ ಇನ್ನೂ ಗೊರಕೆ ಹೊಡೆಯುತ್ತಿದ್ದ. ಕ್ಲೂಸ್ಕಾ ನಾಲ್ಕೂ ಕಾಲು ಮೇಲೆತ್ತಿ, ಇಡೀ ಊರೇ ತನ್ನ ಸೇವೆಗೆ ಇದೆ ಎನ್ನುವಂತೆ ಕಣ್ಣು ಮುಚ್ಚಿದಳು.

ಅವಳ ದುಂಡನೆಯ ಹೊಟ್ಟೆಯ ಮೇಲೆ ಅಜ್ಜಿಯ ಬೆರಳುಗಳೂ ಯಾಗೋದಾಳ ಬೆರಳುಗಳೂ ಎದುರಾದವು. ಇಬ್ಬರೂ ಕೈ ತೆಗೆಯಲಿಲ್ಲ.