ಬಾಣವಿಲ್ಲದ ಟಂಕಾರ

"ಎರಡರಲ್ಲಿ ಯಾವುದಕ್ಕೆ ಪೂಜೆ?" ಎಂದು ಕೇಳಿದಳು ನೀಲಾ.

ಪಕ್ಕದ ಮನೆಯ ಮಿಸ್ಟರ್ ಡೇಲ್ ನೀಲಾಳ ಮನೆಯ ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದರು. ಎಡಗೈಯಲ್ಲಿ ಹಳೆಯ ಬಿಲ್ಲು, ಹಿಡಿ ಸವೆದು ಬಣ್ಣ ಹೋದದ್ದು. ಬಲಗೈಯಲ್ಲಿ ಹೊಸ ಬಿಲ್ಲು. ಅದರ ಎರಡು ತುದಿಗೂ ಮಿರಮಿರ ಮಿನುಗುವ ಪುಟ್ಟ ಗಾಲಿಗಳು, ಗಾಲಿಯಿಂದ ಗಾಲಿಗೆ ಬಿಗಿದ ತಂತಿಗಳು.

"ಹೊಸದಕ್ಕೆ," ಎಂದರು ಮಿಸ್ಟರ್ ಡೇಲ್. "ಹಳೆಯದನ್ನು ನಿನಗೆ ತೋರಿಸೋಣ ಅಂತ ತಂದೆ. ಶನಿವಾರ ಹೊಸದನ್ನು ಕಾಡಿಗೆ ಒಯ್ಯುತ್ತೇನೆ. ಅದು ನನ್ನ ಮನಸ್ಸಿಗೆ ಬಂದರೆ ಹಳೆಯದು ನಿನ್ನದು. ಅಂಗಡಿಯವನಿಗೆ ಹೇಳಿ ನಿನ್ನ ಕೈ ಅಳತೆಗೆ ಮಾಡಿಸಿಕೊಡುತ್ತೇನೆ."

ನೀಲಾಳಿಗೆ ಅಲ್ಲೇ ಕುಣಿಯಬೇಕು ಅನ್ನಿಸಿತು. ಅವಳ ಪೂರ್ತಿ ಹೆಸರು ನೀಲಗಂಗಾ, ಓದುವುದು ಐದನೇ ಗ್ರೇಡು. ಈ ಬೇಸಿಗೆಯಲ್ಲಿ ಅಟ್ಲಾಂಟಾದಲ್ಲಿ ಒಲಿಂಪಿಕ್ಸ್ ನಡೆದಾಗ ಟೀವಿಯಲ್ಲಿ ಬಿಲ್ಲುಗಾರರನ್ನು ನೋಡಿದ್ದೇ ತಡ, ಅವಳಿಗೆ ಬಿಲ್ಲಿನ ಹುಚ್ಚು ಹತ್ತಿತ್ತು. ಲಾರೆನ್ಸ್‌ವಿಲ್‌ನ ಅವರ ಬೀದಿಯಲ್ಲಿ ಬಿಲ್ಲು ಇದ್ದದ್ದು ಮಿಸ್ಟರ್ ಡೇಲ್ ಹತ್ತಿರ ಮಾತ್ರ. ಸಂಜೆ ಅವರು ಹಿತ್ತಲಲ್ಲಿ ಒಣಹುಲ್ಲಿನ ಪೆಂಡಿಗೆ ಬಾಣ ಬಿಡುತ್ತಿದ್ದರೆ ಇವಳು ಅವರ ಬೆನ್ನ ಹಿಂದೆ ನಿಂತು ನೋಡುತ್ತಿದ್ದಳು.

ಹೊಸ ಬಿಲ್ಲು ಕೊಂಡರೆ ಉಪಯೋಗವಿದೆಯೋ ಇಲ್ಲವೋ ಎಂದು ಮಿಸ್ಟರ್ ಡೇಲ್ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದರು. ಹಳೆಯದೇ ಚೆನ್ನಾಗಿದೆಯಲ್ಲ ಎಂದಿದ್ದರು ನೀಲಾಳ ಅಪ್ಪ. ಹೌದಲ್ಲವೇ ಎಂದು ಮಿಸ್ಟರ್ ಡೇಲ್ ಸುಮ್ಮನಾದರೆ ನೀಲಾ ಬಿಡಬೇಕಲ್ಲ! ಹೊಸದು ಫಾಸ್ಟು, ಹೊಸದು ಲೈಟು, ಕೈ ನೋಯುವುದಿಲ್ಲ ಎಂದು ಅಂಗಡಿಯವನಿಗಿಂತ ಜೋರಾಗಿ ವಕಾಲತ್ತು ಮಾಡಿದ್ದಳು. ಹೊಸದು ಬಂದರೆ ಹಳೆಯದು ಎಲ್ಲಿಗಾದರೂ ಹೋಗಲೇಬೇಕು. ಆ ಎಲ್ಲಿಗಾದರೂ ತಮ್ಮ ಮನೆಯೇ ಯಾಕಾಗಬಾರದು? ಈ ಯೋಚನೆಯನ್ನು ಮಾತ್ರ ಅವಳು ಯಾರಿಗೂ ಹೇಳಿರಲಿಲ್ಲ.

ಅಂತೂ ಹೊಸ ಬಿಲ್ಲು ಬಂತು. ಹೋದ ವರ್ಷ ನೀಲಾಳ ಮನೆಯವರು ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ ದಿನ ಕಾರಿಗೂ ಹುಲ್ಲು ಕತ್ತರಿಸುವ ಮಶೀನಿಗೂ ಕುಂಕುಮ ಹಚ್ಚಿದ್ದನ್ನು ಮಿಸ್ಟರ್ ಡೇಲ್ ಕಂಡಿದ್ದರು. ನನ್ನ ಬಿಲ್ಲಿಗೂ ಒಂದು ಬೊಟ್ಟು ಇಡುತ್ತೀರಾ ಎಂದು ಈ ಸಲ ಅವರೇ ಕೇಳಿದ್ದರು.

ಹೊಸ ಬಿಲ್ಲನ್ನು ಅವಳ ಕೈಗೆ ಕೊಡುವಾಗ ಮಿಸ್ಟರ್ ಡೇಲ್ ಅದನ್ನು ಪಟ್ಟನೆ ಬಿಡಲಿಲ್ಲ. "ಮೊದಲ ರೂಲ್ ಏನು?"

"ಬಾಣ ಇಲ್ಲದೆ ಹೆದೆ ಎಳೆದು ಬಿಡಬಾರದು."

"ಯಾಕೆ?"

"ಎಳೆದ ಶಕ್ತಿಯೆಲ್ಲ ಬಾಣದ ಜೊತೆ ಹೋಗಬೇಕು. ಬಾಣ ಇಲ್ಲದಿದ್ದರೆ ಅದು ಬಿಲ್ಲಿಗೇ ವಾಪಸ್ ಬರುತ್ತೆ," ಎಂದು ನೀಲಾ ಗಿಣಿಯಂತೆ ಒಪ್ಪಿಸಿದಳು.

"ಗುಡ್. ಒಳಗಿನವರಿಗೂ ಹೇಳಿಬಿಡು," ಎಂದು ಹಳೆಯ ಬಿಲ್ಲನ್ನು ಹೆಗಲಿಗೇರಿಸಿ ಅವರು ಊಟಕ್ಕೆ ಹೊರಟರು.

ಹೇಳಿಬಿಡುತ್ತಿದ್ದಳೇನೋ. ಆದರೆ ಗ್ಯಾರೇಜಿನೊಳಗೆ ಕಾಲಿಟ್ಟೊಡನೆ ಅಜ್ಜಿ ಶಾಂತವ್ವನ ತಕರಾರು ಶುರುವಾಯಿತು.

"ಇದೇನವ್ವಾ ಇದು! ಬಿಲ್ಲಿಗೆ ಗಾಲಿ ಯಾಕ? ಇದು ಬಿಲ್ಲೋ, ಸೈಕಲ್ಲೋ?"

"ಕಂಪೌಂಡ್ ಬಿಲ್ಲು ಅಜ್ಜಿ. ಎಳೆಯೋಕೆ ಈಸಿ ಆಗ್ಲಿ ಅಂತ ವೀಲ್ಸ್."

"ಜಿಂಕಿ ಹೊಡಿಯೂ ಬಿಲ್ಲಿಗೆ ನಾವು ಪೂಜಿ ಮಾಡೂದ? ಹಸಿ ಮೆಣಸಿನಕಾಯಿ ಚಟ್ನಿ ತಿನ್ನೂ ಮಂದಿ ನಾವು!"

ಅಪ್ಪ ನಕ್ಕರು. "ಅವರು ತಿಂತಾರ, ಸುಮ್ನ ಹೊಡ್ಯಂಗಿಲ್ಲ ಅತ್ತಿ. ಪಾಪ, ಆಸೆಯಿಂದ ಕೇಳ್ಯಾರ."

ಅಜ್ಜಿ ಬಿಲ್ಲನ್ನೊಮ್ಮೆ, ಅಪ್ಪನನ್ನೊಮ್ಮೆ ನೋಡಿದಳು. "ಆತು ತಗೋ. ಬಿಲ್ಲಿಗೆ ಪೂಜಿ ಮಾಡ್ತೀನಿ. ತಪ್ಪಿಸ್ಕೋ ಅಂತ ಜಿಂಕಿ ಪರವಾಗಿ ಬ್ಯಾರೆ ಬೇಡ್ಕೋತೀನಿ," ಎಂದು ತೀರ್ಪು ಕೊಟ್ಟಳು.

ಚಾಪೆಯ ಮೇಲೆ ಸುತ್ತಿಗೆ, ಸ್ಪ್ಯಾನರು, ಆಸ್ಪತ್ರೆಗೆ ಡ್ಯೂಟಿಗೆ ಹೋಗಿದ್ದ ಅಮ್ಮನ ಹಳೆಯ ಸ್ಟೆತಸ್ಕೋಪು, ಕಂಪ್ಯೂಟರಿನ ಕೀಬೋರ್ಡು ಎಲ್ಲ ಸಾಲಾಗಿ ಕುಳಿತಿದ್ದವು. ಕೀಬೋರ್ಡು ರಾಮಲಿಂಗ ಮಾಮಾನದು. ಅವನು ಅಜ್ಜಿಯ ಕಿರಿಯ ಮಗ, ನಾರ್‌ಕ್ರಾಸ್‌ನಲ್ಲಿ ಕಂಪ್ಯೂಟರ್ ಕೆಲಸ. ಕಾರಿನ ಮುಂದೆ ಒಡೆಯಲು ತಂದಿದ್ದ ದೊಡ್ಡ ಕುಂಬಳಕಾಯಿ ಅಜ್ಜಿಯ ಸ್ಟೂಲಿನ ಪಕ್ಕದಲ್ಲಿತ್ತು. ಹೊಸ ಬಿಲ್ಲು ಎಲ್ಲರ ನಡುವೆ ಮದುಮಗನ ಹಾಗೆ ಮಲಗಿತು. ಅಜ್ಜಿ ಅದಕ್ಕೆ ವಿಭೂತಿ, ಕುಂಕುಮ ಹಚ್ಚಿ ಚೆಂಡು ಹೂವು ಏರಿಸಿದಳು.

ಮಂಗಳಾರತಿ ಮುಗಿದದ್ದೇ ತಡ, ಮಾಮಾ ಬಿಲ್ಲನ್ನು ಎತ್ತಿಕೊಂಡ. ಊರಿನಲ್ಲಿದ್ದಾಗ ಬಯಲಾಟದಲ್ಲಿ ಅರ್ಜುನನ ಪಾತ್ರ ಮಾಡಿದವನು ಅವನು. ಬಿಲ್ಲು ಕೈಗೆ ಬಂದರೆ ಸುಮ್ಮನಿರುತ್ತಾನೆಯೇ? ಎದೆ ಉಬ್ಬಿಸಿ ಒಂದು ಕಾಲು ಮುಂದಿಟ್ಟು ನಿಂತ.

"ಅವ್ವಾ, ನಮ್ಮ ಆಟದಾಗ ಬಿಲ್ಲು ಕಟ್ಟಿಗಿದು. ಹಿಂದ ನಿಂತಾಂವ ತಗಡು ಬಡಿದು ಟಂಕಾರ ಮಾಡ್ತಿದ್ದ. ಇದು ನೋಡು ಖರೇ ಬಿಲ್ಲು!"

ಟಂಕಾರ! ನೀಲಾಳ ಕಿವಿ ನಿಮಿರಿತು. ಮಲಗುವ ಮುಂಚೆ ಅಜ್ಜಿ ಎಷ್ಟು ಸಲ ಹೇಳಿದ್ದಳು! ಅರ್ಜುನ ಹೆದೆ ಮಿಡಿದರೆ ಶತ್ರುಗಳ ಎದೆ ನಡುಗುತ್ತಿತ್ತಂತೆ, ಆನೆ ಕುದುರೆಗಳು ದಿಕ್ಕಾಪಾಲಾಗುತ್ತಿದ್ದವಂತೆ. ಮಿಸ್ಟರ್ ಡೇಲ್ ಅವರ ಬಿಲ್ಲು ತಪ್ ಎನ್ನುವುದನ್ನಷ್ಟೇ ಅವಳು ಕೇಳಿದ್ದಳು. ಅದೂ ಒಂದು ಸಪ್ಪಳವೇ?

ಮಾಮಾನ ಬೆರಳು ಹೆದೆಗೆ ಹೋಯಿತು. ನೀಲಾಳ ನಾಲಿಗೆಯ ತುದಿಗೆ ಆ ರೂಲ್ ಬಂತು. ಬಂದೇ ಬಂತು. ಒಂದೇ ಒಂದು ಸಲ ಕೇಳಿದರೆ ಏನಾಗುತ್ತದೆ ಎಂದುಕೊಂಡು ಅವಳು ಅದನ್ನು ನುಂಗಿದಳು. ನುಂಗಿದ್ದಷ್ಟೇ ಅಲ್ಲ, "ಮಾಡು ಮಾಮಾ! ಲೌಡ್ ಆಗಿ ಮಾಡು!" ಎಂದು ಚಪ್ಪಾಳೆ ತಟ್ಟಿದಳು.

ಮಾಮಾ ಹಲ್ಲು ಕಚ್ಚಿ ಹೆದೆಯನ್ನು ಗಲ್ಲದವರೆಗೆ ಎಳೆದ. ಬಿಟ್ಟ.

ಫಟಾರ್!

ಅದು ಟಂಕಾರವಲ್ಲ. ಗ್ಯಾರೇಜೇ ಬಿರಿದಂತಾಯಿತು. ನೀಲಾ ಕಣ್ಣು ಮುಚ್ಚಿ ಕಿರುಚಿದಳು. ಆರತಿ ತಟ್ಟೆ ಠಣ್ಣೆಂದು ಉರುಳಿತು.

ಕಣ್ಣು ಬಿಟ್ಟರೆ ಮಾಮಾನ ಕೈಯಲ್ಲಿ ಬಿಲ್ಲಿರಲಿಲ್ಲ, ಬಿಲ್ಲಿನ ಹೆಣವಿತ್ತು. ಮೇಲಿನ ಅರ್ಧ ಸೀಳಿ ಸಿಬಿರು ಸಿಬಿರಾಗಿತ್ತು. ತಂತಿಗಳು ಜೋತಾಡುತ್ತಿದ್ದವು. ಮಾಮಾನ ಮುಂಗೈಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಅವನು ಅದನ್ನು ನೋಡುತ್ತಲೂ ಇರಲಿಲ್ಲ, ಬಾಯಿ ತೆರೆದುಕೊಂಡು ಅಜ್ಜಿಯ ಕಡೆ ನೋಡುತ್ತಿದ್ದ.

ನೀಲಾ ಕೂಡ ಅತ್ತ ನೋಡಿದಳು. ಮಿನುಗುವ ಗಾಲಿಯೊಂದು ಕುಂಬಳಕಾಯಿಯ ದಪ್ಪ ಸಿಪ್ಪೆಯನ್ನು ಸೀಳಿ ಒಳಗೆ ಹೂತುಕೊಂಡಿತ್ತು. ಅಜ್ಜಿಯ ಮೊಣಕಾಲು ಅಲ್ಲಿಂದ ಗೇಣು ದೂರ.

ನೀಲಾಳಿಗೆ ಅಳಬೇಕೆಂದರೂ ಅಳು ಬರಲಿಲ್ಲ.

"ಅವ್ವಾ, ನಿನಗ ಏನೂ ಆಗಿಲ್ಲಲ್ಲ? ಅವ್ವಾ!" ಎಂದು ಮಾಮಾ ಕೂಗಿಕೊಂಡ.

"ಇಲ್ಲೋ ತಮ್ಮಾ, ಇಲ್ಲ," ಎಂದಳು ಅಜ್ಜಿ. ಹಾಗೆಂದಳೇ ಹೊರತು ಅವಳ ಕೈ ಸೆರಗನ್ನು ಹಿಡಿದದ್ದು ಬಿಡಲಿಲ್ಲ.

ಅಷ್ಟರಲ್ಲಿ ಹುಲ್ಲಿನ ಮೇಲೆ ಧಪಧಪ ಓಡಿ ಬರುವ ಸದ್ದು ಕೇಳಿಸಿತು. ಮಿಸ್ಟರ್ ಡೇಲ್! ಕಾಲಿಗೆ ಶೂ ಇಲ್ಲ, ಉಣ್ಣುತ್ತಿದ್ದ ಫೋರ್ಕು ಕೈಯಲ್ಲೇ ಇದೆ. ಆ ಫಟಾರ್ ಸದ್ದು ಎಂಥದ್ದೆಂದು ಅವರಿಗೆ ಗೊತ್ತಿತ್ತು.

ಬಿಲ್ಲನ್ನು ನೋಡುತ್ತಾರೆ, ಕೂಗುತ್ತಾರೆ ಎಂದು ನೀಲಾ ಕುಗ್ಗಿ ನಿಂತಳು. ಅವರು ಬಿಲ್ಲನ್ನು ನೋಡಲೇ ಇಲ್ಲ. ಮಾಮಾನ ಕೈ ಹಿಡಿದು ಮಗುಚಿ ನೋಡಿದರು. ಅಜ್ಜಿಯ ಮುಂದೆ ಮಂಡಿಯೂರಿ ಮುಖ ನೋಡಿದರು. ಕೊನೆಗೆ ನೀಲಾಳ ಗಲ್ಲ ಎತ್ತಿ, ಒಂದು ಕಣ್ಣು, ಇನ್ನೊಂದು ಕಣ್ಣು ನೋಡಿದರು. ಎಲ್ಲರೂ ಸರಿಯಾಗಿದ್ದಾರೆ ಎಂದು ಖಾತ್ರಿಯಾದ ಮೇಲೆ ನೆಲದ ಮೇಲೆ ಕುಸಿದು ಕುಳಿತರು.

"ನಂದೇ ತಪ್ಪು," ಎಂದ ಮಾಮಾ ಇಂಗ್ಲಿಷಿನಲ್ಲಿ. "ಹೀಗಾಗುತ್ತೆ ಅಂತ ನನಗೆ ಗೊತ್ತಿರಲಿಲ್ಲ."

"ಗೊತ್ತಿರೋಕೆ ಹೇಗೆ ಸಾಧ್ಯ?" ಎಂದರು ಮಿಸ್ಟರ್ ಡೇಲ್. ಅವರ ನೋಟ ನೀಲಾಳ ಮೇಲೆ ಒಂದು ಗಳಿಗೆ ನಿಂತು, ಮುಂದೆ ಸರಿಯಿತು. "ನಾನೇ ಒಳಗೆ ಬಂದು ಹೇಳಬೇಕಿತ್ತು. ತಪ್ಪು ನನ್ನದು."

ಅಷ್ಟೇ. ನೀಲಾಳ ಹೆಸರನ್ನು ಅವರು ಎತ್ತಲೇ ಇಲ್ಲ. ಬೈದಿದ್ದರೆ ಎಷ್ಟೋ ಮೇಲಿತ್ತು.

ಮರುದಿನ ವಿಜಯದಶಮಿ. ಬನ್ನಿ ಹಂಚುವ ದಿನ. ಜಾರ್ಜಿಯಾದಲ್ಲಿ ಬನ್ನಿ ಮರ ಎಲ್ಲಿ ಸಿಗಬೇಕು? ಎಲೆ ಹಾಗೇ ಕಾಣುತ್ತದೆಂದು ಅಜ್ಜಿ ರಸ್ತೆ ಬದಿಯ ಮಿಮೋಸಾ ಮರಕ್ಕೇ ಬನ್ನಿ ಎಂದು ಹೆಸರಿಟ್ಟಿದ್ದಳು. ಸ್ಕೂಲಿನಿಂದ ಬಂದ ನೀಲಾ ಹಿಡಿ ಎಲೆ ತಗೊಂಡಳು, ಕುಂಕುಮದ ಬಟ್ಟಲನ್ನೂ ತಗೊಂಡಳು.

"ನಾನೂ ಬರ್ತೀನಿ ತಡಿ, ಚಪ್ಪಲಿ ಹಾಕ್ಕೋತೀನಿ," ಎಂದಳು ಅಜ್ಜಿ. ನೀಲಾ ಕಾಯದೆ ಹೊರಟಳು. ಅಜ್ಜಿಯ ಮುಂದೆ ತಾನು ಒಪ್ಪಿಕೊಳ್ಳಬೇಕಾದ ಮಾತು ಬಾಯಿಂದ ಹೊರಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಮಿಸ್ಟರ್ ಡೇಲ್ ಹಿತ್ತಲಲ್ಲಿ ಹಳೆಯ ಬಿಲ್ಲಿನ ಹೆದೆಗೆ ಮೇಣ ತಿಕ್ಕುತ್ತಿದ್ದರು.

"ಮಿಸ್ಟರ್ ಡೇಲ್, ನಾನು ಹೇಳಲಿಲ್ಲ," ಎಂದು ನೀಲಾ ಒಂದೇ ಉಸಿರಿಗೆ ಶುರುಮಾಡಿದಳು. "ರೂಲ್ ನೆನಪಿತ್ತು. ಮಾಮಾ ಎಳೆಯೋವಾಗಲೂ ನೆನಪಿತ್ತು. ಸೌಂಡ್ ಕೇಳಬೇಕು ಅಂತ ನಾನೇ ಮಾಡು ಅಂದೆ."

ಮಿಸ್ಟರ್ ಡೇಲ್ ತಲೆಯಾಡಿಸಿದರು. "ಹೇಳೋಕೆ ಬರ್ತೀಯ ಅಂದುಕೊಂಡಿದ್ದೆ."

ನೀಲಾ ಮೂಗು ಒರೆಸಿಕೊಂಡಳು. "ಹೊಸದು ಕೊಂಡಿದ್ದು ವೇಸ್ಟ್ ಆಯ್ತಾ?"

"ಗೊತ್ತಿಲ್ಲ. ಬಿಲ್ಲು ಒಳ್ಳೆಯದೇ, ಮುರಿದದ್ದು ಅದರ ತಪ್ಪಲ್ಲ. ರಿಪೇರಿ ಆಗಿ ಬರಲಿ, ಆಗ ನೋಡೋಣ." ಅವರು ಹಳೆಯ ಬಿಲ್ಲಿನ ಸವೆದ ಹಿಡಿಯನ್ನು ಹಿಡಿದರು. ಅದು ಅವರ ಅಂಗೈಗೆ ತಾನಾಗಿಯೇ ಹೊಂದಿಕೊಂಡಿತು. "ಶನಿವಾರ ಇದನ್ನೇ ಒಯ್ಯುತ್ತೇನೆ."

ಗೊತ್ತಿದ್ದ ಮಾತೇ. ಹಳೆಯ ಬಿಲ್ಲು ಸದ್ಯಕ್ಕೆ ತನ್ನದಾಗುವುದಿಲ್ಲ. ನೀಲಾ ಬಟ್ಟಲಿಗೆ ಬೆರಳು ಅದ್ದಿ ಹಳೆಯ ಬಿಲ್ಲಿಗೆ ಒಂದು ಬೊಟ್ಟು ಇಟ್ಟಳು. ನಿನ್ನೆ ಅದಕ್ಕೆ ಯಾರೂ ಇಟ್ಟಿರಲಿಲ್ಲ.

"ಥ್ಯಾಂಕ್ಯೂ," ಎಂದ ಮಿಸ್ಟರ್ ಡೇಲ್ ಹೆದೆಗೆ ಬಾಣ ಸಿಕ್ಕಿಸಿದರು. ನೀಲಾ ಅವರ ಬೆನ್ನ ಹಿಂದೆ ಬಂದು ನಿಂತಳು. ಅವರು ಹೆದೆಯನ್ನು ಗಲ್ಲದವರೆಗೆ ಎಳೆದರು, ಒಂದು ಕಣ್ಣು ಮುಚ್ಚಿದರು.

ಹುಲ್ಲಿನ ಪೆಂಡಿಯ ಆಚೆ, ಬೇಲಿಯ ಸಂದಿನಲ್ಲಿ ಏನೋ ಹಸಿರು ಅಲುಗಿತು. ಸೀರೆ!

"ಸ್ಟಾಪ್! ನಿಲ್ಲಿಸಿ! ಅಜ್ಜಿ!"

ನೀಲಾ ಕೂಗಿದ ರಭಸಕ್ಕೆ ಮರದ ಮೇಲಿನ ಹಕ್ಕಿಗಳು ಹಾರಿಹೋದವು. ಮಿಸ್ಟರ್ ಡೇಲ್ ಬಾಣ ಬಿಡಲಿಲ್ಲ. ಬಾಣದ ತುದಿಯನ್ನು ನೆಲದ ಕಡೆ ತಿರುಗಿಸಿ, ಎಳೆದ ಹೆದೆಯನ್ನು ನಿಧಾನವಾಗಿ ಮುಂದಕ್ಕೆ ಬಿಟ್ಟುಕೊಟ್ಟರು. ಅವರ ಹಣೆಯ ಮೇಲೆ ಬೆವರು ಮೂಡಿತ್ತು.

"ಯಾಕವ್ವಾ ಒದರ್ತಿ? ಎದಿ ಒಡಕೊಂಡೆ!" ಎನ್ನುತ್ತ ಅಜ್ಜಿ ಹುಲ್ಲು ದಾಟಿ ಬಂದಳು. ಮಿಸ್ಟರ್ ಡೇಲ್ ಅವರ ಅಂಗೈಯಲ್ಲಿ ಎಲೆಗಳನ್ನಿಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂಣು," ಎಂದಳು. ಮಾತು ತಿಳಿಯದಿದ್ದರೂ ಅವರು ಎಲೆಗಳನ್ನು ಜೋಪಾನವಾಗಿ ಅಂಗಿಯ ಜೇಬಿಗೆ ಹಾಕಿಕೊಂಡರು.

ನೀಲಾ ಅಜ್ಜಿಯ ಕೈ ಹಿಡಿದು ಹಿಂದಕ್ಕೆ ಕರೆತಂದು ನಿಲ್ಲಿಸಿದಳು. ಆ ಕೈಯನ್ನು ಬಿಡಲಿಲ್ಲ. ಮಿಸ್ಟರ್ ಡೇಲ್ ಈ ಸಲ ಗುರಿಯ ಕಡೆ ನೋಡುವ ಮೊದಲು ಅವಳ ಕಡೆ ನೋಡಿದರು. ಅವಳು ಬೇಲಿಯನ್ನು ನೋಡಿದಳು, ಪೆಂಡಿಯ ಆಚೆ ನೋಡಿದಳು, ಹೆದೆಯ ಮೇಲಿನ ಬಾಣವನ್ನೂ ನೋಡಿದಳು.

"ಓಕೆ," ಎಂದಳು.

ತಪ್.

ಬಾಣ ಪೆಂಡಿಯ ನಡುವೆ ನಾಟಿತು. ಅಜ್ಜಿ ರೊಟ್ಟಿ ಬಡಿಯುವಾಗ ಬರುತ್ತದಲ್ಲ, ಅಷ್ಟೇ ಸಪ್ಪಳ.

ಅಜ್ಜಿ ಇನ್ನೂ ಕಿವಿಗೊಟ್ಟು ಕಾಯುತ್ತಿದ್ದಳು. "ಆತೇನು? ಇಷ್ಟ ಇದರ ಟಂಕಾರ?"

"ಇಷ್ಟೇ ಅಜ್ಜಿ," ಎಂದಳು ನೀಲಾ. ಅವಳಿಗೆ ಇನ್ನೊಮ್ಮೆ ಆ ಸಪ್ಪಳವನ್ನೇ ಕೇಳಬೇಕೆನ್ನಿಸಿತು.