ಒಂಟಿ ಹಳಿಯ ಬಳೆ

ಗೋಡೆಯ ಮೇಲಿನ ಆ ಬಳೆಯೊಂದನ್ನು ಕೈಗೆ ತೆಗೆದುಕೊಳ್ಳಬೇಡಿ ಎಂದು ಕಾವಲುಗಾರ ಮೂರು ಸಲ ಹೇಳಿದ್ದ. ಮೊದಲ ಸಲ ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ಎರಡನೆಯ ಸಲ ನಕ್ಕಳು. ಮೂರನೆಯ ಸಲ, ಮಧ್ಯಾಹ್ನ ನಾಲ್ಕರ ಬಿಸಿಲಿಗೆ ತಗಡಿನ ಮಾಡು ಚಟಚಟ ಸದ್ದು ಮಾಡುತ್ತಿದ್ದಾಗ, ಅವಳ ತಾಳ್ಮೆ ಹೋಗಿತ್ತು.

“ನಾಲ್ಕು ದಿನದಿಂದ ಕೇಳ್ತಾ ಇದೀನಿ ತಾತ. ನಿಮ್ಮ ದೆವ್ವಗಳನ್ನೂ ಪಟ್ಟಿಗೆ ಸೇರಿಸ್ಕೊಳ್ಲಾ?”

“ದೆವ್ವ ಅಂತ ನಾನು ಯಾವತ್ತೂ ಅಂದಿಲ್ಲಮ್ಮ” ಎಂದ ಮುದುಕ. “ಶೆಡ್ಡಲ್ಲಿ ಹಾವಿದೆ ಅಂದೆ. ಅದಕ್ಕೂ ನಕ್ರಿ.”

ಆಫೀಸಿನಲ್ಲಿ ಎಲ್ಲರೂ ಅವಳನ್ನು ಟೇಪಮ್ಮ ಎನ್ನುತ್ತಿದ್ದರು. ಅಳತೆಯ ಟೇಪು ಅವಳ ಕೈಚೀಲ ಬಿಟ್ಟು ಇದ್ದದ್ದೇ ಇಲ್ಲ. ಹೊಸ ಕಂಪನಿ ಈ ಹಳೆಯ ಉಗಿಬಂಡಿ ಕಂಪನಿಯನ್ನು ಅದರ ಜಾಗಕ್ಕಾಗಿ ಕೊಂಡಿತ್ತು. ಬಂಡಿ ಓಡುವುದು ನಿಂತು ಇಪ್ಪತ್ತು ವರ್ಷವಾಗಿತ್ತು. ಶೆಡ್ಡಿನಲ್ಲಿ ಮೂತಿಗೆ ಗೋಣಿ ಕಟ್ಟಿಸಿಕೊಂಡ ಆರು ಎಂಜಿನ್‌ಗಳು, ಪಾಚಿ ಕಟ್ಟಿದ ನೀರಿನ ತೊಟ್ಟಿ, ನಡುವಿನ ಈ ಸಣ್ಣ ಸ್ಟೇಷನ್ನು, ನಲವತ್ತು ಮೈಲಿ ಒಂಟಿ ಹಳಿ, ಎಲ್ಲವನ್ನೂ ಒಂದೊಂದಾಗಿ ಮುಟ್ಟಿ, ಚೀಟಿ ಅಂಟಿಸಿ, ಕಂಪನಿಯ ಪರವಾಗಿ ವಶಕ್ಕೆ ತೆಗೆದುಕೊಳ್ಳುವುದು ಅವಳ ಕೆಲಸ. ಶಾಲೆಗೆ ರಜೆಯಾದ್ದರಿಂದ ಆರು ವರ್ಷದ ಮಗಳನ್ನೂ ತನ್ನ ಅಮ್ಮನನ್ನೂ ಜೊತೆಗೆ ಕರೆತಂದಿದ್ದಳು. ಹಳಿಯ ಆಚೆ, ಡ್ರೈವರುಗಳು ತಂಗುತ್ತಿದ್ದ ಹಳೆಯ ಮನೆಯಲ್ಲಿ ಮೂವರ ಬಿಡಾರ. ಸ್ಟೇಷನ್ನಿನ ಕಿಟಕಿಯಿಂದ ನೋಡಿದರೆ ಆ ಮನೆಯ ಬಾಗಿಲು, ಬಾಗಿಲಲ್ಲಿ ಒಣಗಲು ಹಾಕಿದ ಮಗಳ ಹಳದಿ ಲಂಗ, ಎಲ್ಲ ಕಾಣುತ್ತಿತ್ತು. ಮಧ್ಯೆ ಮೂವತ್ತು ಹೆಜ್ಜೆ ಅಷ್ಟೇ.

ಕಂಪನಿಯ ಕತೆಯನ್ನು ಅವಳು ಗೆದ್ದಲು ತಿಂದ ಫೈಲುಗಳಲ್ಲಿ ಓದಿದ್ದಳು. ಮೊದಲು ಒಬ್ಬ ಮರದ ವ್ಯಾಪಾರಿ ಮತ್ತು ಅವನ ಭಾವಮೈದ ದಿಮ್ಮಿ ಸಾಗಿಸಲು ಹಳಿ ಹಾಕಿದರು. ಅವರಿಂದ ಕಲ್ಲುಗಣಿಯವರು ಕೊಂಡರು. ಗಣಿಯವರಿಂದ ದೂರದ ಪಟ್ಟಣದ ದೊಡ್ಡ ಕಂಪನಿ, ಅದರಿಂದ ಇನ್ನೊಂದು. ಪ್ರತಿ ಸಲವೂ ಬೋರ್ಡಿನ ಮೇಲೆ ಹೊಸ ಹೆಸರು ಬಳಿದರು. ಈಗ ಬಣ್ಣ ಎದ್ದು, ನಾಲ್ಕು ಹೆಸರುಗಳೂ ಒಂದರೊಳಗಿಂದ ಒಂದು ಇಣುಕುತ್ತಿದ್ದವು. ಗಣಿಯವರ ನಂತರ ಯಾರೂ ಐದು ವರ್ಷಕ್ಕಿಂತ ಹೆಚ್ಚು ಬಂಡಿ ಓಡಿಸಿರಲಿಲ್ಲ. ಲಾರಿಗಳು ಬಂದವು, ಕಲ್ಲಿದ್ದಲು ದುಬಾರಿಯಾಯಿತು, ಆಡಳಿತ ಸರಿಯಿರಲಿಲ್ಲ. ಅವಳ ಮಟ್ಟಿಗೆ ಅಷ್ಟು ಸಾಕಾಗಿತ್ತು.

ಮುದುಕನ ಕತೆ ಬೇರೆ. ಅದನ್ನವನು ಬಾಗಿಲಲ್ಲೇ ನಿಂತು, ಒಳಗೆ ಕಾಲಿಡದೆ ಹೇಳಿದ. ಹಳಿ ಒಂದೇ, ಎದುರುಬದುರು ಎರಡು ಗಾಡಿ ಬಂದರೆ ಮುಗಿಯಿತು. ಅದಕ್ಕೇ ಭುಜಕ್ಕೆ ಹಾಕಿಕೊಳ್ಳುವಷ್ಟು ದೊಡ್ಡ ಈ ಬೆತ್ತದ ಬಳೆ. ಇದು ಯಾರ ಕೈಯಲ್ಲಿದೆಯೋ ದಾರಿ ಅವನೊಬ್ಬನದು, ಮತ್ತೆ ಯಾರೂ ಆ ದಾರಿಗೆ ಇಳಿಯುವಂತಿಲ್ಲ. ಬಳೆಯನ್ನು ನೆಲಕ್ಕಿಡಬಾರದು, ಎಸೆಯಬಾರದು. ಕೈಯಿಂದ ಕೈಗೇ ಕೊಡಬೇಕು. ಕೊಡುವವನು ‘ದಾರಿ ನಿನ್ನದು’ ಎನ್ನಬೇಕು, ಇಸಿದುಕೊಳ್ಳುವವನು ‘ದಾರಿ ನನ್ನದು’ ಎನ್ನಬೇಕು. ಆಗಲೇ ಮೊದಲಿನವನಿಗೆ ಬಿಡುಗಡೆ.

ಗಣಿಯವರು ಬಂದ ಮೇಲೆ ಎರಡಾಳಿನ ಕೆಲಸಕ್ಕೆ ಒಬ್ಬನನ್ನೇ ಇಟ್ಟರು. ಒಮ್ಮೆ ಪಾಳಿ ಬದಲಿಸುವವನನ್ನು ಕಳಿಸಲೇ ಇಲ್ಲ. ಬಳೆ ಹಿಡಿದವನು ಎರಡು ಹಗಲು ಎರಡು ರಾತ್ರಿ ಇದೇ ಕಿಟಕಿಯಲ್ಲಿ ನಿಂತ. ಎದುರಿನ ಮನೆಯಲ್ಲಿ ಅವನ ಮಗು ಉಸಿರಿಗೆ ಒದ್ದಾಡುತ್ತಿತ್ತು. ಜಾಗ ಬಿಟ್ಟರೆ ಗಾಡಿಗೆ ಗಾಡಿ ಡಿಕ್ಕಿ. ಅವನು ಬಿಡಲಿಲ್ಲ. ಮಗು ಉಳಿಯಲಿಲ್ಲ. ಮೂರನೆಯ ದಿನ ಅವನ ಹೆಂಡತಿ ಹಳಿ ದಾಟಿ ಬಂದಳು. ಬಳೆಗೆ ಸುತ್ತಿದ ಚರ್ಮದ ಪಟ್ಟಿ ಬಿಚ್ಚಿ, ಒಳಗೆ ಏನೋ ಇಟ್ಟು, ತನ್ನದೇ ಕೂದಲಿನಿಂದ ಹೊಲಿದಳು. ಕಂಪನಿಯ ಹೆಸರಲ್ಲಿ ಇದನ್ನು ಹಿಡಿದವರಿಗೆ ದಾರಿ ಅವರೊಬ್ಬರದೇ ಆಗಲಿ, ಅವರ ಮನೆಯವರು ಆಚೆಯೇ ಉಳಿಯಲಿ ಎಂದಳಂತೆ.

“ಆಗಿನಿಂದ ವಶಕ್ಕೆ ತಗೊಳ್ಳೋಕೆ ಬಂದ ಇಬ್ಬರೂ ಮನೆಮಂದಿನ ಕಳ್ಕೊಂಡ್ರು” ಎಂದ ಮುದುಕ. “ಇದೊಂದನ್ನ ಬಿಟ್ಬಿಡಿ. ಯಾರೂ ಕೇಳಲ್ಲ.”

“ನಮ್ಮ ಸಾಹೇಬರು ಕೇಳ್ತಾರೆ” ಎಂದಳು ಅವಳು. ಮೊಳೆಯಿಂದ ಬಳೆಯನ್ನು ತೆಗೆದು, ಭುಜಕ್ಕೆ ಹಾಕಿಕೊಂಡು, ನಾಟಕದ ರಾಜನಂತೆ ಎದೆ ಸೆಟೆಸಿದಳು. “ದಾರಿ ನನ್ನದು. ಸರಿನಾ ತಾತ?”

ಮುದುಕ ಎರಡು ಹೆಜ್ಜೆ ಹಿಂದೆ ಸರಿದ.

ಚೀಟಿ ಅಂಟಿಸಿ ಬಳೆಯನ್ನು ಮೇಜಿನ ಮೇಲಿಟ್ಟು ಪೆನ್ನು ತೆಗೆದುಕೊಂಡಳು. ಬರೆಯಲು ಹೋದರೆ ಪೆನ್ನಿರಲಿಲ್ಲ, ಕೈಯಲ್ಲಿ ಬಳೆಯಿತ್ತು. ಬೆತ್ತ ಬೆಚ್ಚಗಿತ್ತು, ಈಗಷ್ಟೇ ಯಾರೋ ಹಿಡಿದು ಬಿಟ್ಟಂತೆ. ಮರೆವು ಎಂದುಕೊಂಡು ಮತ್ತೆ ಇಟ್ಟಳು. ಮತ್ತೆ ಕೈಯಲ್ಲೇ ಇತ್ತು. ಕೋಣೆಯಲ್ಲಿ ಒದ್ದೆ ಕಲ್ಲಿದ್ದಲಿನ, ಕಾದ ಎಣ್ಣೆಯ ವಾಸನೆ ಏಳತೊಡಗಿತು. ಇಪ್ಪತ್ತು ವರ್ಷದಿಂದ ಬೆಂಕಿ ಕಾಣದ ಶೆಡ್ಡಿನ ಕಡೆಯಿಂದ ಏನೋ ನಿಧಾನವಾಗಿ ಉಸಿರು ಬಿಟ್ಟಿತು.

“ಫೋನು ಬಡ್ಕೋತಾ ಇದೆ, ಎತ್ತಮ್ಮ” ಎಂದ ಮುದುಕ.

“ಯಾವ ಫೋನು?”

ಅವನು ಅವಳ ಕೈಚೀಲವನ್ನು ತೋರಿಸಿದ. ಅವಳು ಫೋನು ತೆಗೆದು ನೋಡಿದಳು. ಪರದೆ ಕಪ್ಪಗಿತ್ತು. ಸದ್ದಿಲ್ಲ. ಮುದುಕ ಮಾತ್ರ ಆ ಕಪ್ಪು ಪರದೆಯನ್ನೇ ನೋಡುತ್ತ, ‘ಅಮ್ಮ’ ಅಂತ ಬರ್ತಾ ಇದೆ ಎಂದು ಮೆಲ್ಲಗೆ ಹೇಳಿದ.

ಅವಳು ಕಿಟಕಿಯತ್ತ ತಿರುಗಿದಳು. ಎದುರಿನ ಬಾಗಿಲಲ್ಲಿ ಅವಳ ಅಮ್ಮ ಮೊಮ್ಮಗಳನ್ನು ಸೊಂಟದ ಮೇಲೆ ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಟವಲು ಬೀಸುತ್ತಿದ್ದಳು. ಬಾಯಿ ಆಡುತ್ತಿತ್ತು. ದನಿ ಬರುತ್ತಿರಲಿಲ್ಲ. ಮಗಳ ತಲೆ ಅಜ್ಜಿಯ ತೋಳಿನಿಂದಾಚೆ ಜೋತುಬಿದ್ದಿತ್ತು. ಬೆಳಿಗ್ಗೆ ಎರಡು ಜಡೆ ಹಾಕು ಎಂದು ರಂಪ ಮಾಡಿದ್ದ ಮಗು.

ಅವಳು ಓಡಿದಳು.

ಪ್ಲಾಟ್‌ಫಾರ್ಮಿನಿಂದ ಇಳಿದಳು. ಜಲ್ಲಿ ದಾಟಿದಳು. ಹಳಿ ದಾಟಿದಳು. ಎದುರಿಗೆ ಮತ್ತೆ ಹಳಿ. ಅದನ್ನೂ ದಾಟಿದಳು. ಮತ್ತೆ ಹಳಿ. ಇಲ್ಲಿರುವುದು ಒಂದೇ ಹಳಿ, ಮೊನ್ನೆ ತಾನೇ ಅಳೆದಿದ್ದಳು. ಮೂವತ್ತು ಹೆಜ್ಜೆ ಮುನ್ನೂರಾಯಿತು. ಮನೆ ಅಲ್ಲೇ ಇತ್ತು, ಅಷ್ಟೇ ದೂರದಲ್ಲಿ. ಹಳಿಗಳು ಕಾಲಡಿ ಗುಂಯ್‌ಗುಡುತ್ತಿದ್ದವು. ಬಳೆಯನ್ನು ಬೀಸಿ ಪೊದೆಗೆ ಎಸೆದಳು. ಅದು ಭುಜದ ಮೇಲಿತ್ತು. ಚರ್ಮದ ಪಟ್ಟಿಯನ್ನು ಹಲ್ಲಿನಿಂದ ಕಿತ್ತಳು. ಒಳಗೆ ಒಂದು ತುಕ್ಕು ಹಿಡಿದ ಸೂಜಿ, ಒಂದು ಹಾಲುಹಲ್ಲು, ಮಾಸಿದ ಕೂದಲಿನ ಗಂಟು. ಅದರ ಪಕ್ಕದಲ್ಲಿ ಇನ್ನೊಂದು ಕೂದಲಿನ ಎಳೆ. ಎಣ್ಣೆ ಆರಿರಲಿಲ್ಲ. ಅವಳೇ ಬೆಳಿಗ್ಗೆ ಮಗಳಿಗೆ ಹಚ್ಚಿದ ಎಣ್ಣೆ.

ಅವಳು ಜಲ್ಲಿಯ ಮೇಲೆ ಕೂತಳು. ಕೂತಲ್ಲಿಂದ ತಿರುಗಿ ನೋಡಿದರೆ ಬೆನ್ನ ಹಿಂದೆ ಮೂರೇ ಹೆಜ್ಜೆಗೆ ಪ್ಲಾಟ್‌ಫಾರ್ಮು.

ಮುದುಕ ಅಷ್ಟರಲ್ಲಿ ಹಳಿ ದಾಟಿ ಆಚೆ ಮನೆಗೆ ಹೋಗಿ ಬಂದಿದ್ದ. ಅವನಿಗೆ ಒಂದೇ ಹಳಿ, ಮೂವತ್ತೇ ಹೆಜ್ಜೆ. ಮಗುವಿಗೆ ಉಸಿರು ಸಿಕ್ತಾ ಇಲ್ಲ, ನಿಮ್ಮನ್ನೇ ಕೇಳ್ತಾ ಇದೆ ಎಂದ. ಡಾಕ್ಟರಿಗೆ ಹೇಳಿಕಳಿಸಿದ್ದೇನೆ, ಆದರೆ ಹಿಂದೆಯೂ ಡಾಕ್ಟರು ಬಂದಿದ್ದರು ಎಂದು ಸೇರಿಸಿದ.

“ಹಿಂದಿನವರು ಇದನ್ನ ಹೇಗೆ ಬಿಟ್ರು?”

“ಅವರು ಬಿಡ್ಲಿಲ್ಲಮ್ಮ. ಆಚೆ ಕಾಯೋರು ಯಾರೂ ಇಲ್ಲ ಅಂತಾದಾಗ ಅದೇ ಕೈ ಬಿಡ್ತು.”

ಅವಳು ಬಳೆಯನ್ನು ಅವನತ್ತ ಚಾಚಿದಳು. ಮುದುಕ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ನನಗೆ ಕೊಟ್ಟರೂ ಅದು ಬರುವುದಿಲ್ಲ, ಯಾವ ಕಂಪನಿಯೂ ನನಗೆ ಸಂಬಳದ ಚೀಟಿ ಕೊಟ್ಟಿಲ್ಲ, ಕೂಲಿಯವನು ನಾನು ಎಂದ. ಕಂಪನಿಯ ಹೆಸರಲ್ಲಿ ಬಂದವರೇ ಆಗಬೇಕು. ಅವರಾಗಿ ಕೈ ಚಾಚಬೇಕು, ಬಾಯಿಬಿಟ್ಟು ಹೇಳಬೇಕು.

ಐದು ಗಂಟೆಗೆ ಸಾಹೇಬ ಬರುವವನಿದ್ದ. ಅವಳ ಕೈಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷ.

ಆ ಹತ್ತು ನಿಮಿಷ ಅವಳು ಕಿಟಕಿಯಲ್ಲಿ ನಿಂತು ಮಗಳ ಎದೆಯನ್ನೇ ನೋಡಿದಳು. ಅಮ್ಮ ಹೊಸ್ತಿಲಲ್ಲಿ ಕೂತು ಮಗುವನ್ನು ಮಡಿಲಲ್ಲಿ ಹಾಕಿಕೊಂಡಿದ್ದಳು. ಎದೆ ಏರುತ್ತಿತ್ತು, ನಿಲ್ಲುತ್ತಿತ್ತು. ನಿಂತದ್ದು ಬಹಳ ಹೊತ್ತಿನ ಮೇಲೆ ಇಳಿಯುತ್ತಿತ್ತು.

ಸಾಹೇಬ ಅವಳಿಗಿಂತ ಎಂಟು ವರ್ಷ ಚಿಕ್ಕವನು, ನಗುಮುಖದವನು. ಬಂದವನೇ ಕಾರಿನಿಂದ ಇಳಿಯುತ್ತ, “ಏನ್ ಟೇಪಮ್ಮ ಮೇಡಂ, ಎಂಜಿನ್ನು ಓಡಿಸಿ ನೋಡಿದ್ರೋ ಇಲ್ವೋ?” ಎಂದ. ಮನೆಯಿಂದ ಹೊರಡಲು ತಡವಾದದ್ದಕ್ಕೆ ಮಗನೇ ಕಾರಣ ಎಂದೂ ಹೇಳಿದ. ಎಂಟು ತಿಂಗಳ ಮಗ, ಇವತ್ತು ಮೊದಲ ಸಲ ಅಂಬೆಗಾಲಿಟ್ಟಿದ್ದ. ಫೋನು ತೆಗೆದು ಅದನ್ನು ತೋರಿಸಿಯೇ ಬಿಟ್ಟ. ಚಾಪೆಯ ಮೇಲೆ ಒಂದು ಗುಂಡು ಮಗು, ಎರಡು ಸಲ ಮುಗ್ಗರಿಸಿ, ಕ್ಯಾಮೆರಾ ಹಿಡಿದವನನ್ನು ನೋಡಿ ಬೊಚ್ಚುಬಾಯಿ ಬಿಟ್ಟು ನಕ್ಕು, ಅವನ ಕಡೆಗೇ ಬಂತು. ಅವಳು ಪೂರ್ತಿ ನೋಡಿದಳು. ಚೆನ್ನಾಗಿದೆ ಎಂದೂ ಹೇಳಿದಳು. ಆ ಮಗುವಿಗೆ ಹೊಟ್ಟೆನೋವು ಬಂದಾಗಲೆಲ್ಲ ಅದರ ತಾಯಿ ಫೋನು ಮಾಡಿ ಕೇಳುತ್ತಿದ್ದುದು ಅವಳನ್ನೇ.

ಬಾಗಿಲ ಬಳಿ ಮುದುಕ ಕೆಮ್ಮಿದ. ಅವಳು ಅತ್ತ ನೋಡಲಿಲ್ಲ.

“ಸರ್, ಇದೊಂದು ಬಾಕಿ ಇತ್ತು. ಇಲ್ಲಿನ ಪದ್ಧತಿ, ಕೈಯಿಂದ ಕೈಗೇ ಕೊಡ್ಬೇಕಂತೆ.” ತನ್ನ ದನಿ ಇಷ್ಟು ಸಲೀಸಾಗಿ ಬಂದದ್ದು ಅವಳಿಗೇ ಅಸಹ್ಯವಾಯಿತು. “ದಾರಿ ನಿನ್ನದು ಅಂತ ನಾನಂತೀನಿ. ನನ್ನದು ಅಂತ ನೀವನ್ಬೇಕು.”

“ಅಬ್ಬ, ಚೆನ್ನಾಗಿದ್ಯಲ್ಲ” ಎಂದು ಅವನು ಎರಡೂ ಕೈ ಚಾಚಿದ.

“ದಾರಿ ನಿನ್ನದು.”

“ದಾರಿ ನನ್ನದು” ಎಂದು ಅವನು ನಕ್ಕ.

ಬಳೆ ಅವಳ ಬೆರಳು ಬಿಟ್ಟಿತು. ಒಮ್ಮೆಲೇ ಕಿವಿ ತೆರೆಯಿತು. ಅಮ್ಮನ ಕೂಗು, ನಾಯಿಯ ಬೊಗಳು, ಫೋನಿನ ರಿಂಗು, ಎಲ್ಲ ಒಟ್ಟಿಗೆ ನುಗ್ಗಿದವು. ಅವಳು ಓಡಿದಳು. ಒಂದು ಹಳಿ. ಮೂವತ್ತು ಹೆಜ್ಜೆ. ಹೊಸ್ತಿಲಲ್ಲಿ ಬಿದ್ದು, ಮಗಳನ್ನು ಕಿತ್ತುಕೊಂಡು ಎದೆಗೆ ಒತ್ತಿಕೊಂಡಳು. ಮಗು ದೀರ್ಘವಾಗಿ ಉಸಿರೆಳೆಯಿತು. ಕೆಮ್ಮಿತು. ಎಲ್ಲಿ ಹೋಗಿದ್ದೆ ಎಂದು ಬೈದು ಅತ್ತಿತು. ಅಷ್ಟು ಚಂದದ ಬೈಗುಳ ಅವಳು ಕೇಳಿರಲೇ ಇಲ್ಲ.

ಸಂಜೆಗೆಂಪು ಇಳಿಯುವ ಹೊತ್ತಿಗೆ ಮಗಳು ಹಾಲು ಕುಡಿದು ಮಲಗಿದ್ದಳು. ಅಮ್ಮ ಸಾಮಾನು ಕಟ್ಟುತ್ತಿದ್ದಳು. ಹೊರಗೆ ಸ್ಟೇಷನ್ನಿನ ಮುಂದೆ ಸಾಹೇಬ ತನ್ನ ಕಾರಿನತ್ತ ನಡೆಯುತ್ತಿದ್ದ. ಕಾರು ಹತ್ತೇ ಹೆಜ್ಜೆ ದೂರದಲ್ಲಿತ್ತು. ಅವನು ಅರ್ಧ ಗಂಟೆಯಿಂದ ನಡೆಯುತ್ತಿದ್ದ. ಮೊದಮೊದಲು ಸುಮ್ಮನೆ, ಆಮೇಲೆ ಬಿರುಸಾಗಿ, ಈಗ ಓಡುತ್ತ. ಒಮ್ಮೆ ನಿಂತು ಈ ಮನೆಯತ್ತ ತಿರುಗಿ, ಬಳೆ ಹಿಡಿದ ಕೈಯನ್ನು ಚಾಚಿದ. ಕಿಟಕಿಯ ಹಿಂದೆ ನಿಂತಿದ್ದ ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ಫೋನು ಬಂತು. ಸಾಹೇಬನ ಹೆಂಡತಿ.

“ಅಕ್ಕಾ, ಇವರು ಫೋನ್ ಎತ್ತುತ್ತಾ ಇಲ್ಲ. ಮಗು ಯಾಕೋ ಉಸಿರಾಡೋಕೆ ಕಷ್ಟಪಡ್ತಾ ಇದೆ. ಅಲ್ಲಿದ್ದಾರಾ?”

ಅವಳು ಮಲಗಿದ ಮಗಳನ್ನು ನೋಡಿದಳು. ಎದೆ ಏರುತ್ತಿತ್ತು, ಇಳಿಯುತ್ತಿತ್ತು.

“ಇಲ್ಲಿಂದ ಆಗ್ಲೇ ಹೊರಟ್ರಮ್ಮ” ಎಂದಳು. “ದಾರೀಲಿದ್ದಾರೆ.”