ರಾಣಿ ಊರಿನ ಮಲ್ಲಿಗೆ ತೋಟ

ಒಂದಾನೊಂದು ಊರು. ಆ ಊರಿಗೊಂದು ಓಣಿ, ಓಣಿಗೊಂದು ಮನೆ, ಮನೆಗೊಂದು ಖೋಲಿ. ಖೋಲಿಯ ಒಡತಿ ಅದಕ್ಕೊಂದು ಮಾತು ಕೊಟ್ಟಿದ್ದಳು: ಮೇಲಿನ ಸದ್ದು ಕೆಳಗಿಳಿಯದ ಹಾಗೆ ನಿನ್ನ ಛತ್ತನ್ನು ಭದ್ರ ಮಾಡಿಸುತ್ತೇನೆ ಅಂತ. ಕೊಟ್ಟವಳು ಮರೆತಳು, ಖೋಲಿ ಮರೆಯಲಿಲ್ಲ.

ಅಜ್ಜಿ ಹೇಳಿದ್ದರೆ ಹೀಗೇ ಶುರುವಾಗುತ್ತಿತ್ತು. ಊರು ಬ್ಯಾಡಗಿ, ಒಡತಿ ಶ್ರೀದೇವಿ. ಒಂದು ಕಾಲಕ್ಕೆ ಮೆಣಸಿನಕಾಯಿ ಚೀಲ ಒಟ್ಟುತ್ತಿದ್ದ ಕೆಳಗಿನ ಖೋಲಿಯನ್ನು ಆಕೆ ಸ್ಟುಡಿಯೋ ಮಾಡಿಕೊಂಡಿದ್ದಳು. ಹಾಡುವವರು, ಕತೆ ಹೇಳುವವರು ಬಂದು ದನಿ ಮುದ್ರಿಸಿಕೊಂಡು ಹೋಗುತ್ತಿದ್ದರು. ಮೇಲಿನ ಖೋಲಿಯಲ್ಲಿ ಆಕೆಯ ಅಜ್ಜಿ ಗದಿಗೆವ್ವ. ಮೊಣಕಾಲು ಹಿಡಿದು ಮೆಟ್ಟಿಲಿಳಿಯುವುದು ಬಿಟ್ಟಮೇಲೆ ಅಜ್ಜಿಗೆ ಆ ಖೋಲಿಯೇ ಊರು. ಓಣಿಯ ಹೆಂಗಸರು ಮೆಣಸಿನಕಾಯಿ ತಂದು ಆಕೆಯ ಸುತ್ತ ಕೂತು ತುಂಬು, ಅಂದರೆ ತೊಟ್ಟು, ಬಿಡಿಸುತ್ತಿದ್ದರು, ಆಕೆ ಕತೆ ಹೇಳುತ್ತಿದ್ದಳು.

ಹೊರಗಿನ ಖೋಲಿಯಲ್ಲಿ ಬಾಡಿಗೆಗಿದ್ದವರು ಕುಲ್ಸುಮಬಿ. ಹಾವೇರಿ ಕೋರ್ಟಿನಲ್ಲಿ ಸಾಕ್ಷಿಗಳ ಮಾತನ್ನು ಆಡಿದ ಹಾಗೇ ಟೈಪ್ ಮಾಡಿ ನಿವೃತ್ತರಾದವರು. ಕಳೆದ ಕೋಳಿಯಿಂದ ಹಿಡಿದು ಮುರಿದ ಬೀಗದವರೆಗೆ ಓಣಿಯ ಒಗಟುಗಳೆಲ್ಲ ಅವರ ಬಾಗಿಲಿಗೆ ಬರುತ್ತಿದ್ದವು. ಅವರು ಎಲ್ಲಿ ಹೊರಟರೂ ಹಿಂದೆ ಶ್ರೀದೇವಿ ಇರಲೇಬೇಕು.

ಆ ಬೆಳಿಗ್ಗೆ ಬಂದವಳು ಬಳೆ ಅಂಗಡಿಯ ಸುಧಾರಾಣಿ. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಊರಿಗೆಲ್ಲ ಬಳೆ ತೊಡಿಸುವ ಆಕೆಯ ಕೈ ಮಾತ್ರ ಬರಿದು. ಹೋದ ವಾರ ಇದೇ ಸ್ಟುಡಿಯೋದಲ್ಲಿ ಕೂತು, ಹಾವೇರಿಯ ಹಾಸ್ಟೆಲ್‌ನಲ್ಲಿ ಓದುವ ಮಗಳಿಗೆ ಮುಖ ನೋಡಿ ಹೇಳಲಾಗದ ಮಾತನ್ನು ದನಿಯಲ್ಲಿ ಹೇಳಿಟ್ಟಿದ್ದಳು. ಐರಣಿಯ ಹೊಳೆ ದಂಡೆಯಲ್ಲಿ ಮಲ್ಲಿಗೆ ತೋಟ ಮಾಡಿಕೊಂಡಿರುವ ಒಬ್ಬರನ್ನು ಮದುವೆಯಾಗುವ ಮಾತು ಅದು. ಇನ್ನೂ ಕಳಿಸಿರಲಿಲ್ಲ. ಮತ್ತೊಮ್ಮೆ ಕೇಳಿ ಕಳಿಸುತ್ತೇನೆ ಅಂದಿದ್ದಳು.

ಈಗ ಹೊಸ್ತಿಲು ದಾಟಲಿಲ್ಲ. "ಮಗಳು ಫೋನ್ ಮಾಡಿದ್ಲು. 'ಅವ್ವಾ, ರಾಣೆಬೆನ್ನೂರಿನ ಹೂವಿನವ್ರು ಯಾರು?' ಅಂತ ಕೇಳಿದ್ಲು. ನಾ ಹೇಳೂಕಿಂತ ಮೊದಲ ಊರ ಹೇಳಿಬಿಟ್ಟೈತಿ. ಆ ಖೋಲ್ಯಾಗ ಇದ್ದವ್ರು ನಾವು ಮೂರ ಮಂದಿ, ಶ್ರೀದೇವಿ."

ಮೂರನೆಯವನು ಜಾಕೀರ್, ರೆಕಾರ್ಡಿಂಗ್ ಮಾಡುವವನು. ಸುಧಾರಾಣಿ ಹೇಳುವುದಿಲ್ಲ, ತಾನು ಹೇಳಿಲ್ಲ. ಶ್ರೀದೇವಿ ಮುಂದೆ ಯೋಚಿಸಲೇ ಇಲ್ಲ. ಜಾಕೀರ್ ಬಂದದ್ದೇ ತಡ, ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತವರೆಲ್ಲ ನೋಡುತ್ತಿರುವಾಗಲೇ ಅವನ ಕೈಯಿಂದ ಸ್ಟುಡಿಯೋದ ಕೀಲಿ ಕಸಿದುಕೊಂಡಳು, ನಂಬಿದವರ ಮಾತು ಮಾರಿಕೊಂಡವನು ಅಂದಳು. ಅವನು ವಾದಿಸಲಿಲ್ಲ. "ಛತ್ತ ಮಾಡಸ್ತೇನಿ ಅಂದಿದ್ರಿ ಅಕ್ಕಾರ," ಅಂದ. "ನಾ ಹೋದಮ್ಯಾಲಾದ್ರೂ ಮಾಡಸ್ರಿ."

ಸಂಜೆಯೊಳಗೆ ಆ ಮಾತು ಬ್ಯಾಡಗಿ, ಹಾವೇರಿ, ರಾಣೆಬೆನ್ನೂರು ಮೂರೂ ಊರು ಸುತ್ತಿತು. ಹಾವೇರಿಯ ಒಂದು ಭಜನಾ ಮಂಡಳಿ, ರಾಣೆಬೆನ್ನೂರಿನ ಒಂದು ಮದುವೆ ಮನೆ ಅವನಿಗೆ ಬರಬೇಡ ಅಂದವು. ಬಾಯಿ ಗಟ್ಟಿ ಇಲ್ಲದವನನ್ನು ಯಾರು ಮನೆಯೊಳಗೆ ಬಿಟ್ಟುಕೊಳ್ಳುತ್ತಾರೆ?

ಕುಲ್ಸುಮಬಿ ಎಲ್ಲವನ್ನೂ ಕೇಳಿದರು. ಮಗಳು ಫೋನಿನಲ್ಲಿ ಅಂದದ್ದನ್ನು ಅಂದ ಹಾಗೇ ಮತ್ತೆ ಹೇಳಿಸಿದರು. ಆಮೇಲೆ ಸ್ಟುಡಿಯೋಕ್ಕೆ ಬಂದು ಮೈಕಿನ ಮೇಲೆ ಹೊದಿಸಿದ ಬಟ್ಟೆಯನ್ನು ಬೆರಳಿನಿಂದ ಒರೆಸಿದರು. ಬೆರಳು ಕೆಂಪಾಯಿತು. ಮೂಗಿನ ಹತ್ತಿರ ಒಯ್ದದ್ದೇ ಸೀನಿದರು.

"ಸುಧಾರಾಣಿ ಅವತ್ತ ಸೀನಿದ್ಲೇನು?"

ಸೀನಿದ್ದಳು. ಮಾತು ನಡುವೆಯೇ ನಿಂತು, ಕಣ್ಣು ಮೂಗು ಒರೆಸಿಕೊಂಡಿದ್ದಳು. ಅಳುತ್ತಿದ್ದಾಳೆಂದು ಶ್ರೀದೇವಿ ನೀರು ತಂದುಕೊಟ್ಟಿದ್ದಳು. ಉಳಿದ ಮಾತನ್ನು ಮೂವರೂ ಸೇರಿ ಹಿತ್ತಲ ಕಡೆಯ ಖೋಲಿಯಲ್ಲಿ ಮುಗಿಸಿದ್ದರು.

ಕುಲ್ಸುಮಬಿ ತಲೆ ಎತ್ತಿ ನೋಡಿದರು. ಛತ್ತಿನ ತುಂಬ ಕಪ್ಪು ಫೋಮಿನ ಹಾಳೆಗಳು. ಅದರ ಕತೆಯನ್ನು ಶ್ರೀದೇವಿ ತುಸು ಹೆಮ್ಮೆಯಿಂದಲೇ ಹೇಳಿದಳು. ಮೇಲಿನ ಹೆಂಗಸರ ನಗು, ಮೊರದ ಸಪ್ಪಳ ರೆಕಾರ್ಡಿಂಗ್‌ನಲ್ಲಿ ಬರುತ್ತವೆಂದು ಜಾಕೀರ್ ಗೊಣಗುತ್ತಿದ್ದ. ಛತ್ತಿನ ದೊಡ್ಡ ಕೆಲಸ ಮುಂದೆ ನೋಡೋಣ ಅಂತ ತಾನೇ ಹಾಳೆ ತರಿಸಿ ಅಂಟಿಸಿದ್ದಳು.

"ಮ್ಯಾಲಿನ ಸದ್ದು ನಿಂತಿತೇನು?"

"ಖೋಲಿ ಗಂವ್ ಅನ್ನೂದು ನಿಂತಿತ್ರಿ ಖಾಲಾ," ಅಂದಳು ಶ್ರೀದೇವಿ. ಮೇಲಿನ ಸದ್ದಿನ ಮಾತೆತ್ತಲಿಲ್ಲ.

ಆಮೇಲೆ ಇಬ್ಬರೂ ಮೇಲೆ ಹತ್ತಿದರು. ರಾಣಿ ಊರಿನ ಮಲ್ಲಿಗೆ ತೋಟದ ಕತೆ ನಡೆದಿತ್ತು. ತೋಟದವನು ದಿನಾ ಬೆಳಿಗ್ಗೆ ಎದ್ದು ಹೂವಿಗೆ ಒಬ್ಬಳ ಹೆಸರು ಹೇಳಿ ನೀರು ಹಾಕುತ್ತಾನಂತೆ. ಹೆಂಗಸರ ಕೈ ನಿಂತಿತ್ತು. ಕುಲ್ಸುಮಬಿಯನ್ನು ಕಂಡದ್ದೇ ಒಬ್ಬಳು ಇನ್ನೊಬ್ಬಳನ್ನು ಮೊಣಕೈಯಿಂದ ತಿವಿದಳು. ಶ್ರೀದೇವಿ ಬಾಗಿಲಿಗೊರಗಿ ಕಣ್ಣು ಮುಚ್ಚಿದಳು. ಈ ಕತೆ ಸಣ್ಣವಳಿದ್ದಾಗ ತಾನು ಕೇಳಿಯೇ ಇಲ್ಲವಲ್ಲ ಅಂತ ಖುಷಿಪಟ್ಟಳು.

ಕೆಳಗಿಳಿದು ಕುಲ್ಸುಮಬಿ ಅಂದದ್ದು ಇಷ್ಟೇ: "ನಾಳೆ ಸಂಜೀಕ ಸುಧಾರಾಣಿ, ಜಾಕೀರ್ ಇಬ್ರೂ ಇಲ್ಲಿ ಬೇಕು. ಕರ್ಕೊಂಡ ಬಾ."

"ಅವನ್ನ ನಾ ಯಾವ ಬಾಯಿಲೆ ಕರೀಲಿ?"

"ಬೈದ ಬಾಯಿಲೆನ."

ಮರುದಿನ ಶ್ರೀದೇವಿ ಹೋದಾಗ ಜಾಕೀರ್ ರಾಣೆಬೆನ್ನೂರಿನಲ್ಲಿ ಮಾವ ಕುತುಬುದ್ದೀನನ ಗಾದಿ ಅಂಗಡಿಯಲ್ಲಿ ಹತ್ತಿ ತುಂಬುತ್ತ ಕೂತಿದ್ದ. ಅವಳು ಅಂಗಡಿಯ ಹೊಸ್ತಿಲಲ್ಲೇ ನಿಂತಳು. ಕುಲ್ಸುಮಬಿ ಕರೆದಿದ್ದಾರೆ ಅಂದಾಗ ಎದ್ದ. ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತ.

ಸಂಜೆ ತುಂಬು ಬಿಡಿಸುವವರು ಮನೆಗೆ ಹೋದಮೇಲೆ ಕುಲ್ಸುಮಬಿ ಆ ಇಬ್ಬರನ್ನೂ ಕರೆದುಕೊಂಡು ಸ್ಟುಡಿಯೋದ ಬಾಗಿಲು ಹಾಕಿಕೊಂಡರು. ಶ್ರೀದೇವಿಗೆ ಮಾತ್ರ ಒಳಗೆ ಜಾಗವಿರಲಿಲ್ಲ. "ನೀ ಅಜ್ಜಿ ಚಾಪಿ ಮ್ಯಾಲ ಹೋಗಿ ಕುಂದ್ರು," ಅಂದಿದ್ದರು.

ಅವಮಾನವಾದಂತಾಗಿ ಹೋಗಿ ಕೂತಳು. ಸ್ವಲ್ಪ ಹೊತ್ತಿಗೆ ಚಾಪೆಯ ಕೆಳಗಿನಿಂದ, ನೀರಿನೊಳಗಿಂದ ಬಂದಂತೆ, ಕುಲ್ಸುಮಬಿಯ ದನಿ ಬಂತು.

"ಹೇಳಿದವಾ ಜಾಕೀರ್ ಅಲ್ಲ. ಅವಾ ಹುಟ್ಟಿದ್ದ ಐರಣಿ. ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ತನ್ನ ಊರಿನ ಹೆಸರು ಕೇಳಿದಾಂವ ಅದನ್ನ ರಾಣೆಬೆನ್ನೂರು ಅಂತಾನೇನು? ಮೊದಲಿನ ಅಕ್ಷರ ನುಂಗಿಹೋಗಿ, ಐರಣಿ ರಾಣಿ ಆಗಿ ಯಾರಿಗೆ ಕೇಳ್ಸಿತ್ತೋ, ಅವ್ರ ಬಾಯಿಂದ ಹೊಂಟ ಸುದ್ದಿ ಇದು. ರಾಣಿ ಊರು ಅಂದ್ರ ಓಣಿ ಮಂದಿಗೆ ರಾಣೆಬೆನ್ನೂರ. ಅಂದ್ರ ಅವ್ರು ಖೋಲಿ ಒಳಗ ಇರಲಿಲ್ಲ, ಆದ್ರ ದೂರನೂ ಇರಲಿಲ್ಲ."

ಶ್ರೀದೇವಿ ಚಾಪೆಯ ಅಂಚು ಹಿಡಿದಳು.

"ಮೈಕಿನ ಮ್ಯಾಲ ಖಾರದ ಪುಡಿ ಬಿದ್ದಿತ್ತು. ಖಾರ ಇಳಿದ ದಾರ್ಯಾಗ ಮಾತು ಏರೂದಿಲ್ಲೇನು? ಫೋಮು ಖೋಲ್ಯಾಗಿನ ಗಂವ್ ಅನ್ನೂದನ್ನ ಹೀರತೈತಿ, ದಾಟಿ ಹೋಗೂದನ್ನ ತಡೆಯೂದಿಲ್ಲ. ತಡೀಬೇಕಂದ್ರ ತೂಕ ಬೇಕು. ಅದರ ಹಿಂದ ಹಳೇ ಮನಿ ಬೆಳಕಿಂಡಿ ಐತಿ. ಮ್ಯಾಲೊಂದು ತೆಳ್ಳನ ಹಲಗಿ, ಹಲಗಿ ಮ್ಯಾಲ ಚಾಪಿ. ಚಾಪಿ ಮ್ಯಾಲ ಕುಂತಾಕಿಗೆ ಮಮ್ಮಗಳು ಹೇಳ್ಯಾಳ, ಕೆಳಗಿನ ಖೋಲ್ಯಾಗ ಬರೇ ಕತಿ ಹೇಳ್ತಾರ ಅಂತ."

ಶ್ರೀದೇವಿ ಚಾಪೆ ಸರಿಸಿದಳು. ಹಲಗೆಯ ಸಂದಿಯಲ್ಲಿ ಕೆಂಪು ಪುಡಿ ಗೆರೆ ಎಳೆದಂತೆ ಕೂತಿತ್ತು. ಆ ಹಲಗೆಯ ಮೇಲೆ ಆಡಿ ಬೆಳೆದವಳು ಅವಳು. ಸದ್ದು ಕೆಳಗೆ ಬರುತ್ತದೆಂದು ಬೇಸರಪಟ್ಟವಳಿಗೆ ಮೇಲೂ ಹೋಗುತ್ತದೆಂದು ಒಮ್ಮೆಯೂ ಹೊಳೆದಿರಲಿಲ್ಲ.

ಅಜ್ಜಿಯೂ ಎಲ್ಲ ಕೇಳಿಸಿಕೊಂಡಿದ್ದಳು. "ಬಳಿ ಮಾರಾಕಿ, ತಾ ಮಾತ್ರ ಬಳಿ ತೊಡದಾಕಿ," ಅಂದಳು ಮೆಲ್ಲಗೆ. "ಅದು ಕತಿ ಅಲ್ಲನ?"

ಶ್ರೀದೇವಿ ಅಲ್ಲ ಅಂತ ತಲೆ ಅಲ್ಲಾಡಿಸಿದಳು.

"ಎಷ್ಟ ಛಂದಿತ್ತು," ಅಂದಳು ಅಜ್ಜಿ, ಸೆರಗಿನಿಂದ ಮುಖ ಮುಚ್ಚಿಕೊಂಡು. "ಅಕಿನ್ನ ಮ್ಯಾಲ ಕರಿ."

ಸುಧಾರಾಣಿ ಬಂದು ಕೂತಳು. ಅಜ್ಜಿ ಆಕೆಯ ಬರಿಗೈಗಳನ್ನು ಹಿಡಿದುಕೊಂಡು, ಬಿಡದೆ, ತಪ್ಪಾಯಿತು ತಪ್ಪಾಯಿತು ಅಂದಳು. ಸುಧಾರಾಣಿ ಕೇಳಿದಳು: "ಆ ಕತಿ ಕಡೀಕ ಏನಾತು ಅಂತ ಹೇಳೀರಿ ಅಜ್ಜಿ?"

"ಹೇಳಿಲ್ಲ ಯವ್ವಾ. ಅಷ್ಟರಾಗ ನಿಂಗ ಸೀನು ಬಂತು."

ಸುಧಾರಾಣಿ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಮುದ್ರಿಸಿದ ದನಿಯನ್ನು ಆಕೆ ಕಳಿಸಲೇ ಇಲ್ಲ. ಮರುದಿನ ತಾನೇ ಹಾವೇರಿ ಬಸ್ಸು ಹತ್ತಿದಳು.

ಶ್ರೀದೇವಿ ಅಂದೇ ನಲ್ಲಿಯ ಹತ್ತಿರ, ಅವೇ ಕೊಡಗಳ ಎದುರು, ಜಾಕೀರನದು ತಪ್ಪಿಲ್ಲ, ತಪ್ಪು ತನ್ನದು ಅಂದಳು. ಯಾರೋ ಮುಸಿಮುಸಿ ನಕ್ಕರು. ಹಾವೇರಿಯ ಭಜನಾ ಮಂಡಳಿಗೂ ಮದುವೆ ಮನೆಗೂ ಹೋಗಿ ಅದನ್ನೇ ಹೇಳಿಬಂದಳು. ಜಾಕೀರ್ ಎಲ್ಲ ಕೇಳಿ ಅಂದ: "ಮೊದಲ ಛತ್ತ ಮಾಡೂಣ್ರಿ ಅಕ್ಕಾರ. ಮಾತು ಆಮ್ಯಾಲೆ."

ಫೋಮು ಕಿತ್ತರು. ಬೆಳಕಿಂಡಿಗೆ ಇಟ್ಟಂಗಿ ಕೂಡಿಸಿ ಗಾರೆ ಹಾಕಿದರು. ತೊಲೆಗೆ ತಾಗದಂತೆ ಗೋಡೆಯಿಂದ ಗೋಡೆಗೆ ಬೇರೆಯೇ ಚೌಕಟ್ಟು ಕಟ್ಟಿ, ನಡುವಿನ ಜಾಗಕ್ಕೆ ಕುತುಬುದ್ದೀನನ ಹತ್ತಿ ತುಂಬಿ, ಕೆಳಗೆ ಭಾರದ ಹಲಗೆಗಳನ್ನು ಒಂದರ ಮೇಲೊಂದು ಬಡಿದರು. ಹಲಗೆ ಎತ್ತಿ ಹಿಡಿದು ನಿಂತವಳು ಶ್ರೀದೇವಿ. ಕೊನೆಯ ಮೊಳೆ ಬಡಿಯುವವರೆಗೂ ಇಳಿಸಲಿಲ್ಲ. ಜಾಕೀರ್ ಕೊನೆಯ ಸಂದಿಗೆ ಮೇಣ ತುಂಬಿ ಏಣಿಯಿಂದ ಇಳಿದ.

"ನೀವು ಮ್ಯಾಲ ಹೋಗ್ರಿ," ಅಂದ. "ನಾ ಇಲ್ಲಿಂದ ಒಂದು ಮಾತು ಅಂತೇನಿ. ನಿಮಗ ಅನ್ನಬೇಕಂತ ಇಟ್ಕೊಂಡಿದ್ದು."

ಶ್ರೀದೇವಿ ಹೋಗಿ ನೆಲಕ್ಕೆ ಕಿವಿ ಹಚ್ಚಿ ಮಲಗಿದಳು. ಬೈಗುಳವೋ, ಕ್ಷಮೆಯೋ, ಏನಾದರೂ ಬರಲಿ ಅಂತ ಉಸಿರು ಹಿಡಿದಳು. ತನ್ನ ಎದೆ ಬಡಿತವೇ ಕೇಳಿಸುತ್ತಿತ್ತು. ಅಜ್ಜಿ ಮೊರ ಕೆಳಗಿಟ್ಟು ಕಾದಳು.

ಅವನು ಮೆಟ್ಟಿಲ ಹತ್ತಿರ ಕಾಣಿಸಿದಾಗ ಅವಳು ಎದ್ದು ಕೂತಿದ್ದಳು. ಕೆನ್ನೆಗೆ ಖಾರ ಮೆತ್ತಿ ಉರಿಯುತ್ತಿತ್ತು.

"ಏನಂದಿ ಜಾಕೀರ್?"

"ಕೇಳ್ಸಿತ್ತೇನ್ರಿ?"

"ಇಲ್ಲ."

"ಹಂಗಾರ ಕೆಲಸ ಮುಗೀತು," ಅಂದ ಅವನು. ಕೀಲಿಗಾಗಿ ಕೈ ಚಾಚಿದ.